ಅರ್ಧಕ್ಕೆ ನಿಂತರೆ ಏನಾಗುತ್ತದೆ? ಮನೆಯ ಸಂಭ್ರಮಕ್ಕೆ ಕೈಯಾರೆ ಅಲಂಕಾರ

ಮಗುವಿನ ಹುಟ್ಟುಹಬ್ಬಕ್ಕೋ ಹಿರಿಯರ ಮದುವೆಯ ವಾರ್ಷಿಕೋತ್ಸವಕ್ಕೋ ಮನೆಯವರೇ ಅಲಂಕಾರ ಮಾಡುವುದೆಂದು ತೀರ್ಮಾನವಾದರೆ, ಎಲ್ಲರೂ ಮೊದಲು ಲೆಕ್ಕ ಹಾಕುವುದು ಒಟ್ಟು ಎಷ್ಟು ಗಂಟೆ ಬೇಕು ಅಂತ. ಈ ಲೆಕ್ಕ ನನಗೆ ಅಷ್ಟಾಗಿ ಉಪಯೋಗಕ್ಕೆ ಬಂದಿಲ್ಲ. ಮಕ್ಕಳು ಮರಿ ಇರುವ ಮನೆಯಲ್ಲಿ ನಾಲ್ಕು ಗಂಟೆ ಒಟ್ಟಿಗೆ ಸಿಗುವುದಿಲ್ಲ. ಇಪ್ಪತ್ತು ನಿಮಿಷ ಸಿಗುತ್ತದೆ, ಅದೂ ಯಾವ ಕ್ಷಣದಲ್ಲಿ ಕರೆ ಬರುತ್ತದೋ ಗೊತ್ತಿಲ್ಲ. ಹಾಗಾಗಿ ಒಂದೊಂದು ಕೆಲಸಕ್ಕೂ ನಾನು ಕೇಳಿಕೊಳ್ಳುವುದು ಬೇರೆಯೇ ಪ್ರಶ್ನೆ: ಇದು ಅರ್ಧಕ್ಕೆ ನಿಂತರೆ ಏನಾಗುತ್ತದೆ?

ಹತ್ತು ಪತಾಕೆಗಳ ಬಟ್ಟೆ ತೋರಣ ಆರಕ್ಕೇ ನಿಂತರೂ ಅದು ತೋರಣವೇ. ಕ್ರೇಪ್ ಕಾಗದದ ಹೂವು ಹನ್ನೆರಡರ ಬದಲು ಐದಾದರೆ ಹೂದಾನಿ ಚಿಕ್ಕದಾಗುತ್ತದೆ, ಅಷ್ಟೆ. ಆದರೆ ವಯಸ್ಸು ತೋರಿಸುವ ರಟ್ಟಿನ ದೊಡ್ಡ ಅಂಕಿ ಅರ್ಧಕ್ಕೆ ನಿಂತರೆ ಅದು ಬರೀ ಕಸ. ಅದಕ್ಕೇ ಅಂಕಿಯನ್ನು ಎಲ್ಲಕ್ಕಿಂತ ಮೊದಲು ಮುಗಿಸುತ್ತೇನೆ, ಆಮೇಲೆ ತೋರಣ, ಕೊನೆಗೆ ಸಮಯ ಉಳಿದರೆ ಹೂವು. ಖುಷಿಯ ಕೆಲಸವೆಂದು ಹೂವಿನಿಂದ ಶುರು ಮಾಡುವವರೇ ಹೆಚ್ಚು. ಕೊನೆಯ ರಾತ್ರಿ ಹಸಿ ಬಣ್ಣದ ಅಂಕಿಗೆ ಹೇರ್ ಡ್ರೈಯರ್ ಹಿಡಿದು ನಿಲ್ಲುವವರೂ ಅವರೇ.

ಇನ್ನೊಂದು ಕಟ್ಟುಪಾಡು ಜಾಗದ್ದು. ಊಟದ ಮೇಜಿನ ಮೇಲೆ ಹರಡಿದ ಕೆಲಸವನ್ನು ದಿನಕ್ಕೆ ಮೂರು ಸಲ ಎತ್ತಿಡಬೇಕು. ಎತ್ತುವಾಗ ಕಳೆದುಹೋಗುವ ತುಂಡುಗಳೇ ಸಮಯ ತಿನ್ನುತ್ತವೆ. ಸುಮಾರು 40 × 60 ಸೆಂ.ಮೀ. ಅಳತೆಯ, ಅಂಚಿರುವ ಒಂದು ಟ್ರೇ ಇಟ್ಟುಕೊಳ್ಳಿ. ಕತ್ತರಿ, ಅಂಟು, ಬ್ರಷ್, ಮುಗಿಯದ ತುಂಡು ಎಲ್ಲವೂ ಅದರಲ್ಲೇ ಇರಬೇಕು, ಟ್ರೇ ಸಮೇತ ಕಪಾಟಿನ ಮೇಲಕ್ಕೆ ಹೋಗಬೇಕು. ಟ್ರೇಯಲ್ಲಿ ಹಿಡಿಯದ್ದನ್ನು ಮಾಡಲೇಬೇಡಿ. ಅಂಕಿಯ ಎತ್ತರವನ್ನು ನಾನು 30 ಸೆಂ.ಮೀ.ಗೆ ನಿಲ್ಲಿಸುವುದು ಈ ಕಾರಣಕ್ಕೇ.

ಅಂಕಿಗೆ ಬೇಕಾಗುವುದು ಪ್ಯಾಕಿಂಗ್ ಡಬ್ಬದ ಅಲೆಯುಳ್ಳ ರಟ್ಟು, ಕಾಗದದ ಮಾಸ್ಕಿಂಗ್ ಟೇಪ್, ಹಳೆಯ ಪತ್ರಿಕೆ, ಬಿಳಿ ಅಂಟು. ಅಂಕಿಯ ಆಕಾರವನ್ನು ರಟ್ಟಿನಲ್ಲಿ ಎರಡು ಸಲ ಕತ್ತರಿಸಿ: ಒಂದು ಮುಂದಿನ ಮುಖ, ಒಂದು ಹಿಂದಿನದು. ಸುತ್ತಲಿನ ಗೋಡೆಗೆ 6 ಸೆಂ.ಮೀ. ಅಗಲದ ಪಟ್ಟಿ ಬೇಕು. ಎಷ್ಟು ಉದ್ದವೆಂದು ತಿಳಿಯಲು ಅಂಕಿಯ ಅಂಚಿನ ಗುಂಟ ದಾರ ಹಾಸಿ ಅಳೆಯಿರಿ. ಹೆಚ್ಚಿನವರ ಕೆಲಸ ಕೆಡುವುದು ಈ ಪಟ್ಟಿಯಲ್ಲಿ. ರಟ್ಟಿನೊಳಗಿನ ಅಲೆಗಳು ಪಟ್ಟಿಯ ಅಡ್ಡಕ್ಕೆ ಬರುವಂತೆ ಕತ್ತರಿಸಬೇಕು. ಆಗ ಪಟ್ಟಿ ಒಂದೊಂದು ಅಲೆಗೂ ಮಡಚಿಕೊಂಡು 3, 8ರಂಥ ತಿರುವುಗಳಲ್ಲಿ ಸಲೀಸಾಗಿ ಬಾಗುತ್ತದೆ. ಅಲೆಗಳು ಉದ್ದಕ್ಕೆ ಬಂದರೆ ಪಟ್ಟಿ ಬಾಗದೆ ಮುರಿಯುತ್ತದೆ, ಮುರಿದ ಕಡೆ ಕೋನ ಎದ್ದು ಕಾಣುತ್ತದೆ.

ಮೊದಲು ಹಿಂದಿನ ಮುಖಕ್ಕೆ ಗೋಡೆಯನ್ನು ಟೇಪಿನಿಂದ ನಿಲ್ಲಿಸಿ. ಒಳಗೆ ಅಲ್ಲಲ್ಲಿ 6 ಸೆಂ.ಮೀ. ಎತ್ತರದ ರಟ್ಟಿನ ಅಡ್ಡತುಂಡುಗಳನ್ನು ನಿಲ್ಲಿಸಿ ಅಂಟಿಸಿ. ಇವಿಲ್ಲದಿದ್ದರೆ ಆಮೇಲೆ ಮೇಲೆ ಅಂಟಿಸುವ ಹಸಿ ಕಾಗದದ ಭಾರಕ್ಕೆ ಮುಂದಿನ ಮುಖ ಒಳಗೆ ಕುಸಿಯುತ್ತದೆ. 1, 4, 7, 9ರಂಥ ಸಣ್ಣ ಕಾಲಿನ ಅಂಕಿ ಮೇಜಿನ ಮೇಲೆ ನಿಲ್ಲಬೇಕಾದರೆ ಮುಂದಿನ ಮುಖ ಮುಚ್ಚುವ ಮುನ್ನವೇ 100 ಗ್ರಾಂನಷ್ಟು ಮರಳನ್ನು ಪುಟ್ಟ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಬುಡದಲ್ಲಿ ಟೇಪಿನಿಂದ ಕೂರಿಸಿ. ಮುಚ್ಚಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಅಂಟಿಗೆ ಎರಡು ಪಾಲು ಬಿಳಿ ಅಂಟು, ಒಂದು ಪಾಲು ನೀರು. ಈ ಗಾತ್ರದ ಒಂದು ಅಂಕಿಯ ಮೂರು ಪದರಕ್ಕೆ 150 ಮಿ.ಲೀ. ಅಂಟು, 75 ಮಿ.ಲೀ. ನೀರು ಸಾಕು. ಹಿಟ್ಟು ಕುದಿಸಿ ಮಾಡುವ ಗೋಂದು ಅಗ್ಗ, ಹಿಡಿತವೂ ಚೆನ್ನಾಗಿದೆ. ಆದರೆ ನಿಧಾನವಾಗಿ ಒಣಗುತ್ತದೆ, ಬೂಷ್ಟಿಗೆ ಅದೇ ಆಹಾರ. ಕೆಲಸ ಎರಡು ದಿನಕ್ಕೊಮ್ಮೆ ಮುಂದೆ ಹೋಗುವ ಮನೆಯಲ್ಲಿ ಅದು ಬೇಡವೆಂದೇ ನನ್ನ ಅಭಿಪ್ರಾಯ.

ಪತ್ರಿಕೆಯನ್ನು 2–3 ಸೆಂ.ಮೀ. ಅಗಲದ ಪಟ್ಟಿಗಳಾಗಿ ಹರಿಯಬೇಕು, ಕತ್ತರಿಸಬಾರದು. ಹರಿದ ಅಂಚು ತೆಳುವಾಗಿ ನಾರಾಗಿರುತ್ತದೆ, ಕೆಳಗಿನ ಪದರದಲ್ಲಿ ಕರಗಿದಂತೆ ಕೂರುತ್ತದೆ. ಕತ್ತರಿಸಿದ ಅಂಚು ಬಣ್ಣ ಹಚ್ಚಿದ ಮೇಲೂ ಗೆರೆಯಾಗಿ ಕಾಣುತ್ತದೆ. ಒಂದು ಪದರ ಪತ್ರಿಕೆ, ಮೇಲೊಂದು ಪದರ ಬಿಳಿ ಕಾಗದ, ಮತ್ತೆ ಪತ್ರಿಕೆ ಎಂದು ಬದಲಾಯಿಸುತ್ತಾ ಹೋದರೆ ಎಲ್ಲಿ ಬಿಟ್ಟುಹೋಗಿದೆ ಎಂಬುದು ಕಣ್ಣಿಗೇ ತಿಳಿಯುತ್ತದೆ. ನಡುವೆ ಎದ್ದುಹೋಗಿ ಮರುದಿನ ಬಂದು ಕೂತವರಿಗಂತೂ ಇದು ದೊಡ್ಡ ಅನುಕೂಲ. ಪಟ್ಟಿಯನ್ನು ಅಂಟಿನಲ್ಲಿ ಅದ್ದಿ ಎರಡು ಬೆರಳ ನಡುವೆ ಎಳೆದು ಹೆಚ್ಚಿನದನ್ನು ಸೋರಿಸಿ. ತೊಟ್ಟಿಕ್ಕುವ ಕಾಗದ ಅಂಟಿಸಿದರೆ ರಟ್ಟು ನೀರು ಕುಡಿದು ಮೆತ್ತಗಾಗುತ್ತದೆ.

ಒಂದು ಸಲ ಕೂತಾಗ ಒಂದೇ ಪದರ. ಆದರೆ ಆ ಒಂದು ಪದರ ಮುಂದೆ, ಹಿಂದೆ, ಬದಿಗೆ ಎಲ್ಲ ಕಡೆಯೂ ಅದೇ ಸಲ ಆಗಬೇಕು. ಕಾಗದ ಒಣಗುವಾಗ ಕುಗ್ಗುತ್ತದೆ, ಕುಗ್ಗುವಾಗ ರಟ್ಟನ್ನೂ ಎಳೆಯುತ್ತದೆ. ಒಂದೇ ಮುಖಕ್ಕೆ ಅಂಟಿಸಿ ಎದ್ದರೆ ಬೆಳಗಾಗುವಷ್ಟರಲ್ಲಿ ಅಂಕಿ ಬಿಲ್ಲಿನಂತೆ ಬಗ್ಗಿರುತ್ತದೆ. ಇಡೀ ಕೆಲಸದಲ್ಲಿ ನಡುವೆ ನಿಲ್ಲಿಸಲಾಗದ ಹಂತ ಇದೊಂದೇ. ಇದಕ್ಕೆ 40 ನಿಮಿಷ ಯಾರೂ ಕರೆಯದ ಹೊತ್ತನ್ನು ಹುಡುಕಿಕೊಳ್ಳಿ. ಒಣಗಿಸಲು ತಂತಿಯ ಜಾಲರಿಯ ಮೇಲಿಡಿ, ಕೆಲವು ಗಂಟೆಗೊಮ್ಮೆ ಮಗುಚಿ. ಸುಡುಬಿಸಿಲು ಬೇಡ, ಒಂದು ಬದಿ ಬೇಗ ಒಣಗಿ ಮತ್ತೆ ಬಗ್ಗುತ್ತದೆ. ಗಾಳಿಯಾಡುವ ನೆರಳು ಅಥವಾ ಫ್ಯಾನಿನ ಎದುರು ಸರಿ.

ಒಂದು ಪದರಕ್ಕೆ ಒಣ ಹವೆಯಲ್ಲಿ 24 ಗಂಟೆ, ತೇವದ ಹವೆಯಲ್ಲಿ ಅದರ ಎರಡರಷ್ಟು ಇಟ್ಟುಕೊಳ್ಳಿ. ಒಣಗಿದೆಯೇ ಎಂದು ನೋಡಲು ಕೆನ್ನೆಗೆ ತಾಗಿಸಿ: ತಣ್ಣಗಿದ್ದರೆ ಇನ್ನೂ ನೀರು ಆವಿಯಾಗುತ್ತಿದೆ ಎಂದರ್ಥ. ತೇವ ಒಳಗಿರುವಾಗಲೇ ಬಣ್ಣ ಬಳಿದರೆ ಬಣ್ಣದಡಿ ಗುಳ್ಳೆ ಏಳುತ್ತದೆ, ಕೆಲವು ವಾರದ ಮೇಲೆ ಕಪ್ಪು ಚುಕ್ಕೆ ಬರುತ್ತದೆ. ಮೂರನೆಯ ಪದರ ಒಣಗಿದ ಮೇಲೆ ನಯವಾದ ಮರಳುಕಾಗದದಿಂದ ಉಜ್ಜಿ, ಬಿಳಿ ಪ್ರೈಮರ್ ಒಂದು ಕೈ ಹಚ್ಚಿ. ಪ್ರೈಮರ್ ಇಲ್ಲದೆ ಹಳದಿ, ಗುಲಾಬಿಯಂಥ ತಿಳಿ ಬಣ್ಣ ಹಚ್ಚಿದರೆ ಪತ್ರಿಕೆಯ ತಲೆಬರಹ ಓದಬಹುದು! ಆಮೇಲೆ ಅಕ್ರಿಲಿಕ್ ಬಣ್ಣ ಎರಡು ಕೈ.

ಈ ಒಣಗುವ ದಿನಗಳೇ ತೋರಣಕ್ಕೆ ಸಿಗುವ ಸಮಯ. ಅಂಕಿ ಜಾಲರಿಯ ಮೇಲಿರುವಾಗ ಟ್ರೇ ಖಾಲಿ ಇರುತ್ತದೆ.

ತೋರಣಕ್ಕೆ ಸಾಧಾರಣ ದಪ್ಪದ ಹತ್ತಿ ಬಟ್ಟೆ ಒಳ್ಳೆಯದು. ಕತ್ತರಿಸುವ ಮೊದಲು ಒಗೆದು ಇಸ್ತ್ರಿ ಮಾಡಿ. ಒಗೆಯದೆ ಹೊಲಿದರೆ ಮೊದಲ ಒಗೆತದಲ್ಲೇ ಪಟ್ಟಿ ಒಂದಷ್ಟು, ಪತಾಕೆ ಇನ್ನೊಂದಷ್ಟು ಕುಗ್ಗಿ ಸುಕ್ಕು ಬೀಳುತ್ತದೆ. ಕಡು ಕೆಂಪು, ಕಡು ನೀಲಿ ಬಟ್ಟೆಯ ಮೇಲೆ ಒದ್ದೆ ಬಿಳಿ ಚಿಂದಿ ಒತ್ತಿ ನೋಡಿ, ಬಣ್ಣ ಹತ್ತಿದರೆ ಬಿಳಿಯ ಪಕ್ಕ ಹೊಲಿಯಬೇಡಿ.

ತ್ರಿಕೋನದ ಅಳತೆ ಕತ್ತರಿಸುವಾಗ ತಳ 20, ಎತ್ತರ 25 ಸೆಂ.ಮೀ. ಹೊಲಿಗೆಗೆ ಬಿಡುವ ಅಂಚು, ಅಂದರೆ ಮಾರ್ಜಿನ್, 1 ಸೆಂ.ಮೀ. ಹೊಲಿದು ತಿರುವಿದ ಮೇಲೆ ಸಿಗುವುದು ತಳ 17, ಎತ್ತರ 21. ಒಂದೇ ಸೆಂಟಿಮೀಟರ್ ಮಾರ್ಜಿನ್‌ಗೆ ಎತ್ತರ ನಾಲ್ಕು ಸೆಂಟಿಮೀಟರ್ ಏಕೆ ಹೋಯಿತು? ಮೇಲಿನ 1 ಸೆಂ.ಮೀ. ಪಟ್ಟಿಯೊಳಗೆ ಹೋಗುತ್ತದೆ. ತುದಿಯಲ್ಲಿ ಎರಡೂ ಓರೆ ಹೊಲಿಗೆಗಳು ಕೂಡುವುದು ಬಟ್ಟೆಯ ತುದಿಗಿಂತ 2.7 ಸೆಂ.ಮೀ. ಮೇಲೆ. ತುದಿ ಚೂಪಾದಷ್ಟೂ ಈ ನಷ್ಟ ಹೆಚ್ಚು. ಸಿದ್ಧ ಅಳತೆಗೆ ಎಲ್ಲ ಕಡೆ 1 ಸೆಂ.ಮೀ. ಸೇರಿಸಿ ಕತ್ತರಿಸಿದವರ ಪತಾಕೆ ಮೊಂಡಾಗಿ ಕಾಣುವುದು ಇದರಿಂದ.

25 ಸೆಂ.ಮೀ. ಎತ್ತರದ ಒಂದು ಸಾಲಿನಲ್ಲಿ ತ್ರಿಕೋನಗಳನ್ನು ಒಂದು ನೆಟ್ಟಗೆ, ಒಂದು ತಲೆಕೆಳಗಾಗಿ ಜೋಡಿಸಿ. ನೇಯ್ಗೆಯ ಗಟ್ಟಿ ಅಂಚು ಬಿಟ್ಟರೂ 110 ಸೆಂ.ಮೀ. ಪನ್ನೆಯಲ್ಲಿ (ಬಟ್ಟೆಯ ಅಗಲದಲ್ಲಿ) 9 ಬರುತ್ತವೆ. ಅರ್ಧ ಮೀಟರಿಗೆ ಎರಡು ಸಾಲು, 18 ತ್ರಿಕೋನ. ಒಂದು ಪತಾಕೆಗೆ ಎರಡರಂತೆ 9 ಪತಾಕೆ. ಚಿತ್ರಕ್ಕೆ ಮೇಲೆ ಕೆಳಗೆ ಇರುವ ಬಟ್ಟೆಯಾದರೆ ಅರ್ಧದಷ್ಟು ತಲೆಕೆಳಗಾಗುತ್ತವೆ, ಅವನ್ನು ಹಿಂಬದಿಗೆ ಹಾಕಿ. ಎರಡನೆಯ ಸಾಲನ್ನು ತಲೆಕೆಳಗಿನಿಂದ ಶುರು ಮಾಡಿದರೆ ಎರಡೂ ಬಗೆಯವು ತಲಾ ಒಂಬತ್ತು ಸಿಗುತ್ತವೆ.

ಹೊಲಿಗೆ 2.5 ಮಿ.ಮೀ. ಉದ್ದದ್ದು. ಬಟ್ಟೆಯ ಒಳ್ಳೆಯ ಮಗ್ಗುಲು ಒಳಗಿಟ್ಟು ಎರಡು ಓರೆ ಅಂಚುಗಳನ್ನು ಹೊಲಿದು, ತಳ ತೆರೆದೇ ಬಿಡಿ. ತುದಿಯಲ್ಲಿ ಸೂಜಿ ಬಟ್ಟೆಯೊಳಗಿರುವಾಗ ಹೊಲಿಗೆ ಯಂತ್ರದ ಪಾದ ಎತ್ತಿ ಬಟ್ಟೆ ತಿರುಗಿಸಿ, ಅಡ್ಡಕ್ಕೆ ಒಂದು ಹೊಲಿಗೆ ಹಾಕಿ, ಮತ್ತೆ ತಿರುಗಿಸಿ. ಆ ಒಂದು ಅಡ್ಡ ಹೊಲಿಗೆಯಿಂದಲೇ ತಿರುವಿದಾಗ ತುದಿ ಚೂಪಾಗಿ ಬರುತ್ತದೆ. ಒಂದೇ ಬಿಂದುವಿಗೆ ತಂದರೆ ಒಳಗೆ ಬಟ್ಟೆ ಗಂಟುಕಟ್ಟುತ್ತದೆ. ತುದಿಯ ಬಳಿ ಮಾರ್ಜಿನ್ 3 ಮಿ.ಮೀ. ಉಳಿಯುವಂತೆ ಕತ್ತರಿಸಿ ತಿರುವಿ. ತುದಿ ತಳ್ಳಲು ಮೊಂಡು ಹೆಣಿಗೆ ಕಡ್ಡಿ ಸಾಕು, ಕತ್ತರಿಯ ಮೊನೆಯಾದರೆ ತೂತಾಗುತ್ತದೆ. ಒಂದು ಪತಾಕೆ ಮುಗಿದಾಗ ದಾರ ಕತ್ತರಿಸದೆ ಮುಂದಿನದನ್ನು ಪಾದದಡಿ ತೂರಿಸುತ್ತಾ ಹೋದರೆ ಒಂಬತ್ತೂ ಸರದಂತೆ ಹೊರಬರುತ್ತವೆ, ಎಷ್ಟರಲ್ಲಿ ಕರೆ ಬಂದರೂ ಅಲ್ಲಿಗೇ ಎದ್ದುಹೋಗಬಹುದು.

ಪತಾಕೆಗಳ ತೆರೆದ ತಳ ಕೂರುವ ಮೇಲಿನ ಪಟ್ಟಿಗೆ ಕ್ರಾಸ್ ಪೀಸ್, ಅಂದರೆ ಓರೆಯಾಗಿ ಕತ್ತರಿಸಿದ ಬಟ್ಟೆ, ಬೇಡ. ಕುತ್ತಿಗೆಯ ತಿರುವಿಗೆ ಅದು ಬೇಕು, ಇಲ್ಲಿ ತಿರುವೇ ಇಲ್ಲ. ಓರೆ ಬಟ್ಟೆ ತೂಗಿ ತೂಗಿ ಉದ್ದವಾಗುತ್ತದೆ. ನೇರ ಎಳೆಯಲ್ಲಿ 4 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಎರಡೂ ಅಂಚು ನಡುಗೆರೆಗೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿದರೆ 1 ಸೆಂ.ಮೀ. ಪಟ್ಟಿ. 9 ಪತಾಕೆಗೆ 17ರಂತೆ 153, ನಡುವಿನ 8 ಜಾಗಕ್ಕೆ 5ರಂತೆ 40, ಕಟ್ಟಲು ಎರಡೂ ತುದಿಗೆ ತಲಾ 50ರಂತೆ 100. ಒಟ್ಟು 293, ಅಂದರೆ 3 ಮೀಟರ್ ಎಂದಿಟ್ಟುಕೊಳ್ಳಿ.

ಮಕ್ಕಳು ಸುತ್ತ ಇದ್ದೇ ಇರುತ್ತಾರೆ. ಅವರಿಗೆ ಕೊಡುವ ಕೆಲಸ ಮೊದಲೇ ತೆಗೆದಿಟ್ಟಿರಬೇಕು. ಮೂರು ನಾಲ್ಕರ ಮಕ್ಕಳಿಗೆ ಪತ್ರಿಕೆ ಹರಿಯುವುದು, ಆರೇಳರವರಿಗೆ ಅಂಟಿಸುವುದು, ಪತಾಕೆಯ ಬಣ್ಣದ ಸಾಲು ಜೋಡಿಸುವುದು. ಮೊದಲ ಎರಡು ಪದರ ಅವರದು, ಮೂರನೆಯದು ನನ್ನದು: ಕೆಳಗಿನ ಓರೆಕೋರೆ ಮುಚ್ಚಿಹೋಗುತ್ತದೆ, ಅವರ ಕೈಕೆಲಸ ತಿದ್ದಿದಂತೆಯೂ ಆಗುವುದಿಲ್ಲ. ಇಸ್ತ್ರಿ ಮತ್ತು ಬಿಸಿ ಅಂಟಿನ ಗನ್ ಮಾತ್ರ ಅವರು ಮಲಗಿದ ಮೇಲೆ. ಗುಂಡುಪಿನ್ನುಗಳನ್ನು ತೆಗೆಯುವಾಗ, ಇಡುವಾಗ ಎಣಿಸಿ.

ಹೂವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ರೇಪ್ ಕಾಗದದ ಸುಕ್ಕುಗೆರೆ ಎಸಳಿನ ಬುಡದಿಂದ ತುದಿಗೆ ಬರಬೇಕು. ಆಗ ಎರಡು ಹೆಬ್ಬೆರಳಿನಿಂದ ನಡುವೆ ಅಗಲಿಸಿದರೆ ಎಸಳು ಬಟ್ಟಲಾಗುತ್ತದೆ. ಗೆರೆ ಅಡ್ಡ ಬಂದರೆ ಎಸಳು ಬರೀ ಉದ್ದವಾಗಿ ಜೋತುಬೀಳುತ್ತದೆ. ಉರಿಯುವ ಮೇಣದಬತ್ತಿಯ ಹತ್ತಿರ ಇದನ್ನು ಇಡಲೇಬಾರದು.

ಕಟ್ಟುವ ಕೆಲಸ ಹಿಂದಿನ ದಿನವೇ ಆಗಲಿ. ಅಂಟುವ ಕೊಕ್ಕೆ ಹಾಕುವ ಜಾಗವನ್ನು ಒದ್ದೆ ಬಟ್ಟೆಯಲ್ಲಲ್ಲ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು, ಒಂದು ಗಂಟೆ ಬಿಟ್ಟು ಭಾರ ಹಾಕಿ. ಹೊಸದಾಗಿ ಬಣ್ಣ ಹೊಡೆದ ಗೋಡೆಗೆ ಹಾಕಬೇಡಿ, ತೆಗೆಯುವಾಗ ಬಣ್ಣವೂ ಬರುತ್ತದೆ.

ಕೊಕ್ಕೆ ಕಿತ್ತುಬರುವುದು ಭಾರಕ್ಕಿಂತ ಹೆಚ್ಚಾಗಿ ಬಿಗಿತದಿಂದ. ಈ ತೋರಣ 100 ಗ್ರಾಂ ಕೂಡ ತೂಗುವುದಿಲ್ಲ. ಆದರೆ ಜೋಲು ಅರ್ಧಕ್ಕಿಳಿದರೆ ಕೊಕ್ಕೆಯನ್ನು ಒಳಮುಖವಾಗಿ ಎಳೆಯುವ ಬಲ ಎರಡರಷ್ಟಾಗುತ್ತದೆ, ಬಾಗಿಲ ಗಾಳಿಗೆ ಮಿಕ್ಕಿದ್ದು ಆಗುತ್ತದೆ. 2 ಮೀಟರ್ ಅಂತರದ ಕೊಕ್ಕೆಗಳ ನಡುವೆ ತೋರಣ 20 ಸೆಂ.ಮೀ. ಜೋಲಬೇಕಾದರೆ ಬೇಕಾಗುವ ಹೆಚ್ಚುವರಿ ಉದ್ದ 5 ಸೆಂ.ಮೀ.ಗೂ ಒಂದಿಷ್ಟು ಹೆಚ್ಚು, ಅಷ್ಟೆ. ಹಾಗಾಗಿ ತುದಿಯ ಗಂಟನ್ನು ಸ್ವಲ್ಪ ಸರಿಸಿದರೂ ಆಕಾರ ಬಹಳ ಬದಲಾಗುತ್ತದೆ. ಒಬ್ಬರು ದೂರ ನಿಂತು ಹೇಳಬೇಕು, ಇನ್ನೊಬ್ಬರು ಕಟ್ಟಬೇಕು.

ಇಳಿಸಿದ ಮೇಲೆ ತೋರಣವನ್ನು ಮಡಚದೆ ರಟ್ಟಿನ ಕೊಳವೆಗೆ ಸುತ್ತಿಡಿ. ಅಂಕಿಯನ್ನು ತೇವ ತಾಗದ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳಿದ್ದರೆ 2, 3, 5 ಮತ್ತೆ ಕೆಲಸಕ್ಕೆ ಬರುತ್ತವೆ, ಬಣ್ಣ ಮಾತ್ರ ಆಯಾ ಮಗುವಿನ ಇಷ್ಟದ್ದು. 6 ಮಾಡುವಾಗ ಮೇಲಿನ ತುದಿಯನ್ನೂ ಬುಡದಷ್ಟೇ ಚಪ್ಪಟೆಯಾಗಿ ಕತ್ತರಿಸಿ, ಮರಳಿನ ಚೀಲ ಒಳಗೆ ಹಾಕದೆ ಹೊರಗಿನಿಂದ ಟೇಪ್ ಹಚ್ಚಿ. ತಲೆಕೆಳಗಾಗಿಸಿದರೆ ಅದೇ 9, ಬೇರೆ ಮಾಡುವ ಕೆಲಸ ತಪ್ಪಿತು.