ಮನೆ ಕಟ್ಟುವ ಕಂಪನಿ ಯಾರನ್ನು ಕೇಳಬೇಕು, ಯಾವ ಹೊತ್ತಿನಲ್ಲಿ ಕೇಳಬೇಕು

ಬೆಂಗಳೂರಿನಂಥ ಊರಿನಲ್ಲಿ ಒಂದು ವಸತಿ ಸಮುಚ್ಚಯ ಮೇಲೇಳುವಾಗ ಅದಕ್ಕೆ ಎಷ್ಟು ಜನರ ಬದುಕು ತಗುಲಿಕೊಂಡಿರುತ್ತದೆ ಎಂಬುದನ್ನು ಕಟ್ಟುವ ಕಂಪನಿಯವರು ಮೊದಲು ಒಂದು ಹಾಳೆಯ ಮೇಲೆ ಬರೆದು ನೋಡಬೇಕು. ಜಮೀನಿಗೆ ಬದಲಾಗಿ ಕಟ್ಟಿದ ಮನೆಗಳಲ್ಲಿ ಪಾಲು ಪಡೆಯುವ ಜಂಟಿ ಅಭಿವೃದ್ಧಿ ಒಪ್ಪಂದದ ಮೇಲೆ ಜಾಗ ಬಿಟ್ಟುಕೊಟ್ಟ ಕುಟುಂಬ, ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಸಾಲದ ಕಂತು ಕಟ್ಟುತ್ತ ಮನೆಗಾಗಿ ಕಾಯುತ್ತಿರುವ ಖರೀದಿದಾರರು, ರಾಯಚೂರು, ಯಾದಗಿರಿಯಿಂದಲೋ ಒಡಿಶಾ, ಬಂಗಾಳದಿಂದಲೋ ಬಂದು ಶೆಡ್ಡಿನಲ್ಲಿ ತಂಗಿರುವ ಕಾರ್ಮಿಕರು, ಜಲ್ಲಿ, ಎಂ-ಸ್ಯಾಂಡ್, ಕಿಟಕಿ ಚೌಕಟ್ಟು ಒದಗಿಸುವ ಸಣ್ಣ ಉದ್ದಿಮೆದಾರರು, ಸಾಲ ಕೊಟ್ಟ ಬ್ಯಾಂಕು, ಅನುಮತಿ ಕೊಡುವ ಕಚೇರಿಗಳು, ಕಾಂಪೌಂಡಿನ ಆಚೆ ದೂಳು, ಸದ್ದು ಸಹಿಸುತ್ತಿರುವ ಅಕ್ಕಪಕ್ಕದ ಮನೆಯವರು, ಇವರೆಲ್ಲರೂ ಆ ಯೋಜನೆಯ ಭಾಗೀದಾರರೇ. ಹಣ ಹೂಡಿದವರು ಮಾತ್ರ ಭಾಗೀದಾರರು ಎಂಬ ತಿಳಿವಳಿಕೆಯನ್ನು ಕಾನೂನೂ ಒಪ್ಪುವುದಿಲ್ಲ. 2013ರ ಕಂಪನಿ ಕಾಯ್ದೆಯ 166ನೇ ಸೆಕ್ಷನ್, ನಿರ್ದೇಶಕರು ಷೇರುದಾರರ ಜೊತೆಗೆ ನೌಕರರ, ಸಮುದಾಯದ ಮತ್ತು ಪರಿಸರದ ಹಿತವನ್ನೂ ಗಮನದಲ್ಲಿಟ್ಟು ನಡೆಯಬೇಕೆಂದು ಹೇಳುತ್ತದೆ.

ಷೇರುಪೇಟೆಯ ದೊಡ್ಡ ಕಂಪನಿಗಳು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಂತೆ ಸಲ್ಲಿಸುವ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯಲ್ಲಿ ಭಾಗೀದಾರರ ಒಂದು ಕೋಷ್ಟಕವಿರುತ್ತದೆ. ಯಾರೊಡನೆ, ಯಾವ ಮಾರ್ಗದಲ್ಲಿ, ಎಷ್ಟು ಸಲ, ಯಾವ ಉದ್ದೇಶಕ್ಕೆ ಮಾತನಾಡಿದಿರಿ ಎಂಬುದನ್ನು ಅದರಲ್ಲಿ ತುಂಬಬೇಕು. ಸಣ್ಣ ಕಂಪನಿಗೆ ಆ ವರದಿಯ ಕಡ್ಡಾಯವಿಲ್ಲದಿದ್ದರೂ ಅದೇ ಕೋಷ್ಟಕದಿಂದ ಕೆಲಸ ಆರಂಭಿಸುವುದು ಒಳ್ಳೆಯದು. ಆದರೆ ಅದಕ್ಕೆ ಇನ್ನೆರಡು ಕಾಲಂ ಸೇರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು, ಯಾವ ನಿರ್ಧಾರಕ್ಕೆ ಮುಂಚೆ ಇವರನ್ನು ಕೇಳಬೇಕು. ಇನ್ನೊಂದು, ಕೇಳಿದ ಮೇಲೆ ಏನು ಬದಲಾಯಿತು. ನಕ್ಷೆ ಮಂಜೂರಾಗಿ, ಟೆಂಡರ್ ಮುಗಿದು, ಪಾಯ ತೋಡಿದ ಮೇಲೆ ಕರೆಯುವ ಸಭೆಯಲ್ಲಿ ಬಂದವರು ಹೇಳುವುದಕ್ಕೆ ಬೆಲೆಯೇ ಉಳಿದಿರುವುದಿಲ್ಲ. ಅದು ಅವರಿಗೂ ಗೊತ್ತಿರುತ್ತದೆ.

ಗುದ್ದಲಿ ಬೀಳುವ ಮುಂಚೆ

ಜಮೀನಿನ ಮಾಲೀಕರೊಡನೆ ಮಾತುಕತೆ ಸಾಮಾನ್ಯವಾಗಿ ಮನೆಯ ಹಿರಿಯರ ಒಬ್ಬರ ಜೊತೆ ನಡೆದು ಮುಗಿಯುತ್ತದೆ. ಹಾಗೆ ಮಾಡಬಾರದು. ವಂಶವೃಕ್ಷವನ್ನು ಎದುರಿಗಿಟ್ಟುಕೊಂಡು, ಹಕ್ಕಿರುವ ಹೆಣ್ಣುಮಕ್ಕಳೂ ಸೇರಿದಂತೆ ಎಲ್ಲರನ್ನೂ ಒಂದೇ ದಿನ ಕೂರಿಸಿ, ಅವರ ಪಾಲಿಗೆ ಯಾವ ಮಹಡಿಯ ಯಾವ ಮನೆಗಳು ಬರುತ್ತವೆ, ಕೆಲಸ ತಡವಾದರೆ ಅವರಿಗೆ ಸಿಗುವುದೇನು ಎಂಬುದನ್ನು ಕನ್ನಡದಲ್ಲಿ ಓದಿ ಹೇಳಿ, ಅದರ ಪ್ರತಿಯನ್ನು ಪ್ರತಿಯೊಬ್ಬರ ಕೈಗೂ ಕೊಡಬೇಕು.

ಅಕ್ಕಪಕ್ಕದವರ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಕಂಪನಿಗಳು ಅತ್ಯಂತ ಅಲಕ್ಷ್ಯ ಮಾಡುವುದು ಇಲ್ಲೇ. ನಾನು ಹಿಂದೆ ದುಡಿದ ಒಂದು ಯೋಜನೆಯಲ್ಲಿ ನೆಲಮಾಳಿಗೆಗಾಗಿ ಬಂಡೆ ಒಡೆಯುವಾಗ ಪಕ್ಕದ ಹಳೆಯ ಮನೆಯ ಗೋಡೆಯಲ್ಲಿ ಬಿರುಕು ಕಾಣಿಸಿತು. ಬಿರುಕು ಮೊದಲೇ ಇತ್ತೆಂದು ನಾವೆಂದೆವು, ಇರಲಿಲ್ಲವೆಂದು ಆ ಮನೆಯ ಅಜ್ಜಿ ಹೇಳಿದರು. ಇಬ್ಬರ ಬಳಿಯೂ ಪುರಾವೆ ಇರಲಿಲ್ಲ. ಗೋಡೆಯ ರಿಪೇರಿಗೆ ಆಗಬಹುದಾಗಿದ್ದ ಖರ್ಚಿಗಿಂತ ಎಷ್ಟೋ ಪಟ್ಟು ಹೆಚ್ಚು ನಷ್ಟ ಕೆಲಸ ನಿಂತದ್ದರಿಂದ ಆಯಿತು. ಅಜ್ಜಿಗೆ ನಾವು ಉಂಟುಮಾಡಿದ ಸಂಕಟದ ಲೆಕ್ಕ ಬೇರೆಯೇ.

ಆಮೇಲಿನ ಪ್ರತಿ ಕೆಲಸದಲ್ಲೂ ನಾನು ಪಾಲಿಸಿದ ಕ್ರಮ ಹೀಗಿದೆ. ಅಗೆತಕ್ಕೆ ಕನಿಷ್ಠ ಮೂರು ವಾರ ಮುಂಚೆ, ನಿವೇಶನಕ್ಕೆ ತಾಗಿದ ಪ್ರತಿಯೊಂದು ಮನೆಗೂ ಕಂಪನಿಯ ಎಂಜಿನಿಯರೊಬ್ಬರು ಸಮಯ ಕೇಳಿಕೊಂಡು ಹೋಗಬೇಕು. ಗೋಡೆ, ತಾರಸಿ, ಸಂಪು, ಕಾಂಪೌಂಡು, ಎಲ್ಲದರ ಫೋಟೊಗಳನ್ನು ದಿನಾಂಕ ಬರುವಂತೆ ತೆಗೆಯಬೇಕು. ಈಗಾಗಲೇ ಇರುವ ಬಿರುಕಿನ ಎರಡೂ ಬದಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು, ನಡುವಿನ ಅಗಲವನ್ನು ಮಿಲಿಮೀಟರಿನಲ್ಲಿ ಬರೆದು, ಅದರ ಮೇಲೆ ತೆಳುವಾದ ಗಾಜಿನ ಪಟ್ಟಿಯೊಂದನ್ನು ಗಾರೆಯಿಂದ ಅಂಟಿಸಬೇಕು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ, ವಾದಕ್ಕೆ ಜಾಗವಿರುವುದಿಲ್ಲ. ದಾಖಲೆಗೆ ಮನೆಯವರ ಸಹಿ ಪಡೆದು, ಒಂದು ಪ್ರತಿಯನ್ನು ಅವರಿಗೇ ಕೊಟ್ಟು, ವಾರಕ್ಕೊಮ್ಮೆ ಬಂದು ನೋಡುವವರ ಹೆಸರು ಮತ್ತು ಫೋನ್ ನಂಬರನ್ನು ಬರೆದುಕೊಡಬೇಕು.

ಕೆಲಸದ ವೇಳೆಯನ್ನೂ ಆ ಭೇಟಿಯಲ್ಲೇ ತೀರ್ಮಾನಿಸಬಹುದು. ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿಯಿದೆ. ಆದರೆ ಮಿತಿಯನ್ನು ಓದಿ ಹೇಳುವುದಕ್ಕಿಂತ, ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರುವ ಮಕ್ಕಳಿದ್ದಾರೆಯೇ, ಬಾಣಂತಿಯರಿದ್ದಾರೆಯೇ, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರಿದ್ದಾರೆಯೇ ಎಂದು ಕೇಳಿ, ಬಂಡೆ ಒಡೆಯುವ ಗಂಟೆಗಳನ್ನು ಅದಕ್ಕೆ ಹೊಂದಿಸುವುದು ಹೆಚ್ಚು ಉಪಯುಕ್ತ. ನೀರಿನ ವಿಷಯವಂತೂ ಬೆಂಗಳೂರಿನಲ್ಲಿ ಬಹಳ ಸೂಕ್ಷ್ಮವಾದದ್ದು. 2024ರ ಮಾರ್ಚ್‌ನ ಅಭಾವದ ದಿನಗಳಲ್ಲಿ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ನಲ್ಲಿ ಒಣಗಿದ ಬೀದಿಯಲ್ಲಿ ನಿಮ್ಮ ನಿವೇಶನಕ್ಕೆ ಟ್ಯಾಂಕರ್ ಸಾಲು ಬಂದರೆ ನೋಡುವವರಿಗೆ ನೋವಾಗುವುದು ಸಹಜ. ಸಂಸ್ಕರಿಸಿದ ನೀರನ್ನೇ ತರಿಸಿ, ಅದು ಎಲ್ಲಿಂದ ಬಂತು, ಎಷ್ಟು ಬಂತು ಎಂಬುದನ್ನು ಗೇಟಿನ ಫಲಕದಲ್ಲಿ ದಿನವೂ ಬರೆಯಬೇಕು.

ಖರೀದಿದಾರರಿಗೆ ಕೆಟ್ಟ ಸುದ್ದಿ ಹೇಳುವ ವಿಧಾನ

ಇಲ್ಲಿ ದಾರಿ ಬಹುಮಟ್ಟಿಗೆ ರೇರಾ, ಅಂದರೆ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ ಹಾಕಿಕೊಟ್ಟದ್ದೇ. 500 ಚದರ ಮೀಟರಿಗಿಂತ ದೊಡ್ಡ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಯನ್ನು ನೋಂದಾಯಿಸದೆ ಜಾಹೀರಾತನ್ನೂ ಕೊಡುವಂತಿಲ್ಲ. ನೋಂದಾಯಿತ ಒಪ್ಪಂದವಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಖರೀದಿದಾರರಿಂದ ಬಂದ ಹಣದ ಶೇ 70 ಪ್ರತ್ಯೇಕ ಖಾತೆಯಲ್ಲಿದ್ದು, ಎಂಜಿನಿಯರ್, ವಾಸ್ತುಶಿಲ್ಪಿ, ಲೆಕ್ಕ ಪರಿಶೋಧಕರ ಪ್ರಮಾಣಪತ್ರದ ಮೇಲೆಯೇ ಹೊರಬರಬೇಕು. ಮೂರು ತಿಂಗಳಿಗೊಮ್ಮೆ ಪ್ರಾಧಿಕಾರದ ಜಾಲತಾಣದಲ್ಲಿ ಪ್ರಗತಿಯನ್ನು ಹಾಕಬೇಕು. ಇವು ಕನಿಷ್ಠ ಕರ್ತವ್ಯಗಳು. ಅದೇ ತ್ರೈಮಾಸಿಕ ವಿವರವನ್ನು ಎರಡು ಪುಟದ ಸರಳ ಕನ್ನಡದಲ್ಲಿ, ಬೇಕಾದವರಿಗೆ ಇಂಗ್ಲಿಷಿನಲ್ಲಿ, ಫೋಟೊ ಸಮೇತ ಪ್ರತಿ ಖರೀದಿದಾರರಿಗೂ ಕಳುಹಿಸಲು ತಗಲುವ ಶ್ರಮ ಬಹಳ ಕಡಿಮೆ. ಬಾಕಿ ಇರುವ ಅನುಮತಿಗಳ ಹೆಸರನ್ನು ಅದರಲ್ಲಿ ಮರೆಮಾಚದೆ ಬರೆಯಬೇಕು.

ನಕ್ಷೆಯ ಬದಲಾವಣೆ ಅತಿ ಹೆಚ್ಚು ಜಗಳ ತರುವ ಸಂಗತಿ. ಮಂಜೂರಾದ ನಕ್ಷೆಯನ್ನೋ ಸಾಮಾನ್ಯ ಬಳಕೆಯ ಜಾಗವನ್ನೋ ಬದಲಿಸಲು 14ನೇ ಸೆಕ್ಷನ್ ಪ್ರಕಾರ ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಮೊದಲೇ ಬೇಕು. ಒಬ್ಬರು ಎಷ್ಟು ಮನೆ ಕೊಂಡಿದ್ದರೂ ಮತ ಒಂದೇ. ಬುಕ್ಕಿಂಗ್ ದಿನವೇ, ಮುಂದಿನ ಎಲ್ಲ ಬದಲಾವಣೆಗೂ ಒಪ್ಪಿದ್ದೇನೆ ಎಂಬ ಸಾಲಿಗೆ ಸಹಿ ಹಾಕಿಸಿಕೊಳ್ಳುವ ರೂಢಿಯನ್ನು ಬಿಡಬೇಕು. ಅದನ್ನು ಒಪ್ಪಿಗೆ ಎನ್ನಲಾಗದು. ಹಳೆಯ ಮತ್ತು ಹೊಸ ನಕ್ಷೆಯನ್ನು ಪಕ್ಕಪಕ್ಕದಲ್ಲಿ ಮುದ್ರಿಸಿ, ಯಾರ ಬಾಲ್ಕನಿಯ ಬೆಳಕು ಕಡಿಮೆಯಾಗುತ್ತದೆ, ಯಾರ ಪಾರ್ಕಿಂಗ್ ಸರಿಯುತ್ತದೆ ಎಂಬುದನ್ನು ಬಣ್ಣದಲ್ಲಿ ಗುರುತಿಸಿ, ಪ್ರಶ್ನೆ ಕೇಳಲು ಎರಡು ಭಾನುವಾರ ಬಿಟ್ಟು, ಆಮೇಲೆ ಒಪ್ಪಿಗೆ ಕೇಳಬೇಕು. ಇಲ್ಲ ಎಂದವರ ಕಾರಣವನ್ನೂ ದಾಖಲಿಸಬೇಕು. ಒಂದು ಸಲ ಹಾಗೆ ಬಂದ ಆಕ್ಷೇಪವೊಂದರಿಂದಲೇ ಆಂಬುಲೆನ್ಸ್ ತಿರುಗುವಷ್ಟು ಜಾಗ ನಮ್ಮ ಹೊಸ ನಕ್ಷೆಯಲ್ಲಿ ಉಳಿದಿಲ್ಲ ಎಂಬುದು ನಮಗೆ ತಿಳಿಯಿತು.

ಮನೆ ಒಪ್ಪಿಸುವುದು ತಡವಾಗುತ್ತದೆ ಎಂಬುದು ಸೈಟ್ ಎಂಜಿನಿಯರಿಗೆ ಆರು ತಿಂಗಳು ಮುಂಚೆಯೇ ಗೊತ್ತಿರುತ್ತದೆ, ಖರೀದಿದಾರರಿಗೆ ಕೊನೆಯ ವಾರ ಗೊತ್ತಾಗುತ್ತದೆ. ಅಷ್ಟರಲ್ಲಿ ಅವರು ಬಾಡಿಗೆ ಮನೆ ಬಿಡುವುದಾಗಿ ಮಾಲೀಕರಿಗೆ ಹೇಳಿಯಾಗಿರುತ್ತದೆ, ಮಕ್ಕಳನ್ನು ಹೊಸ ಶಾಲೆಗೆ ಸೇರಿಸಿಯಾಗಿರುತ್ತದೆ. ಆದ್ದರಿಂದ ಪತ್ರ ಬೇಗ ಹೋಗಬೇಕು, ಹೆಚ್ಚುಕಡಿಮೆ ಈ ಮಾತಿನಲ್ಲಿ: “ಮಾನ್ಯರೇ, ಮಾರ್ಚ್ ಕೊನೆಗೆ ಮನೆ ಒಪ್ಪಿಸುವುದಾಗಿ ಒಪ್ಪಂದದಲ್ಲಿ ಬರೆದುಕೊಟ್ಟಿದ್ದೇವೆ. ಲಿಫ್ಟ್ ಅಳವಡಿಕೆ ಹಿಂದೆ ಬಿದ್ದಿರುವುದರಿಂದ ಅದು ಜುಲೈವರೆಗೆ ಹೋಗುತ್ತದೆ. ತಪ್ಪು ನಮ್ಮದು. ಏಪ್ರಿಲ್‌ನಿಂದ ಪ್ರತಿ ತಿಂಗಳು ನಿಮಗೆ ಸಲ್ಲಬೇಕಾದ ಬಡ್ಡಿಯ ಲೆಕ್ಕವನ್ನು ಲಗತ್ತಿಸಿದ್ದೇವೆ. ಈಗಿರುವ ಮನೆಯನ್ನು ಬಿಡುವ ತೀರ್ಮಾನವನ್ನು ದಯವಿಟ್ಟು ಈ ತಾರೀಖಿನ ಮೇಲೆ ಮಾಡಿ.” ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೊಡಬೇಕೆಂಬುದು 18ನೇ ಸೆಕ್ಷನ್, ಕರ್ನಾಟಕದ ನಿಯಮದಲ್ಲಿ ಅದರ ದರ ಸ್ಟೇಟ್ ಬ್ಯಾಂಕಿನ ಗರಿಷ್ಠ ಎಂಸಿಎಲ್‌ಆರ್‌ಗೆ, ಅಂದರೆ ಸಾಲಕ್ಕೆ ಬ್ಯಾಂಕು ಆಧಾರವಾಗಿಟ್ಟುಕೊಳ್ಳುವ ಬಡ್ಡಿ ದರಕ್ಕೆ, ಶೇ 2 ಕೂಡಿಸಿದಷ್ಟು. ಕೇಳಿದವರಿಗೆ ಮಾತ್ರ ಕೊಡೋಣ ಎಂಬ ಸಲಹೆ ಕಂಪನಿಯ ಒಳಗೇ ಬರುತ್ತದೆ. ಆ ಸಲಹೆಯನ್ನು ಒಪ್ಪಬಾರದು, ಏಕೆಂದರೆ ಕೇಳಲು ಗೊತ್ತಿಲ್ಲದವರು, ಕೇಳಲು ಹಿಂಜರಿಯುವವರು ಸಾಮಾನ್ಯವಾಗಿ ಜೀವಮಾನದ ಉಳಿತಾಯವನ್ನೆಲ್ಲ ಹಾಕಿದವರೇ ಆಗಿರುತ್ತಾರೆ.

ಕಟ್ಟುವ ಕೈಗಳು

ಕಾರ್ಮಿಕರನ್ನು ಕೇಳಬೇಕಾದ ಹೊತ್ತು ಲೇಬರ್ ಶೆಡ್ಡಿನ ಜಾಗ ಗುರುತಿಸುವ ಮುಂಚಿನದು. ಶೌಚಾಲಯ ಎಷ್ಟು ದೂರದಲ್ಲಿರಬೇಕು, ದಾರಿಯಲ್ಲಿ ದೀಪ ಎಲ್ಲಿ ಬೇಕು, ಸ್ನಾನದ ಜಾಗಕ್ಕೆ ಒಳಗಿನಿಂದ ಚಿಲಕ ಬೇಕೇ, ಕೂಸುಗಳನ್ನು ಎಲ್ಲಿ ಬಿಡುತ್ತೀರಿ ಎಂಬ ಪ್ರಶ್ನೆಗಳನ್ನು ಹೆಣ್ಣಾಳುಗಳಿಗೆ, ಹೆಣ್ಣುಮಕ್ಕಳೊಬ್ಬರ ಮೂಲಕ, ಅವರವರ ಭಾಷೆಯಲ್ಲೇ ಕೇಳಬೇಕು. ಮೇಸ್ತ್ರಿಯ ಎದುರಿಗೆ ಕೇಳಿದರೆ ಎಲ್ಲವೂ ಚೆನ್ನಾಗಿದೆ ಎಂಬ ಉತ್ತರವೊಂದೇ ಬರುತ್ತದೆ. ಬಟವಾಡೆಯ ದಿನ ಸಂಜೆ, ಗುತ್ತಿಗೆದಾರನ ಕಡೆಯವರು ಇಲ್ಲದಾಗ, ಕೈಗೆ ಎಷ್ಟು ಬಂತು ಎಂದು ಹತ್ತು ಜನರನ್ನು ಬೇರೆಬೇರೆಯಾಗಿ ವಿಚಾರಿಸಿ ಹಾಜರಿ ಪುಸ್ತಕದೊಡನೆ ತಾಳೆ ನೋಡುವುದು ಕಂಪನಿ ಮಾಡಬಹುದಾದ ಅತ್ಯುತ್ತಮ ಪರಿಶೀಲನೆ. ಕಟ್ಟಡ ವೆಚ್ಚದ ಶೇ 1 ಸುಂಕ ಕಾರ್ಮಿಕ ಕಲ್ಯಾಣ ಮಂಡಳಿಗೆ ಸಲ್ಲುತ್ತದೆ. ಆದರೆ ಆ ಹಣದ ಪ್ರಯೋಜನ ಸಿಗುವುದು ಮಂಡಳಿಯಲ್ಲಿ ನೋಂದಾಯಿಸಿಕೊಂಡವರಿಗೆ. ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಅದಕ್ಕೆ ಬೇಕು. ಆ ದಾಖಲೆಯನ್ನು ಕಂಪನಿಯೇ ಬರೆದುಕೊಟ್ಟು, ಅರ್ಜಿ ತುಂಬಲು ಒಬ್ಬರನ್ನು ಸೈಟಿನಲ್ಲಿ ಕೂರಿಸಬೇಕು.

ಸಣ್ಣ ಪೂರೈಕೆದಾರರಿಗೆ ಮಾತಿಗಿಂತ ಬಿಲ್ಲು ಮುಖ್ಯ. ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಸಲ್ಲಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ ಎಂದು 2006ರ ಕಾಯ್ದೆ ಹೇಳುತ್ತದೆ. ಬ್ಯಾಂಕಿಗೂ ಸರ್ಕಾರಿ ಕಚೇರಿಗಳಿಗೂ ಸಂಬಂಧಿಸಿದ ವ್ಯವಹಾರ ಕಾಗದದ ಮೇಲೆಯೇ ಇರಲಿ. 20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿರ್ಮಾಣವಾಗಿದ್ದು ಪರಿಸರ ಅನುಮತಿ ಪಡೆದಿದ್ದರೆ, ಅದರ ಷರತ್ತುಗಳನ್ನೂ ಆರು ತಿಂಗಳಿಗೊಮ್ಮೆ ಸಲ್ಲಿಸುವ ಪಾಲನಾ ವರದಿಯನ್ನೂ ಗೇಟಿನ ಬಳಿ ಯಾರಾದರೂ ಓದುವಂತೆ ಇಡಬೇಕು.

ಬೀಗದಕೈ ಕೊಟ್ಟ ಮೇಲೆ

ಅರ್ಧಕ್ಕಿಂತ ಹೆಚ್ಚು ಮನೆಗಳು ಬುಕ್ ಆದ ಮೂರು ತಿಂಗಳೊಳಗೆ ನಿವಾಸಿಗಳ ಸಂಘ ಆಗಲು ಅನುವು ಮಾಡಿಕೊಡಬೇಕೆಂದು ಕಾಯ್ದೆಯಿದೆ. ಬೇಗ ಸಂಘವಾದರೆ ಕಿರಿಕಿರಿ ಎಂದು ಭಾವಿಸುವ ಕಂಪನಿಗಳಿವೆ. ನನ್ನ ಅನುಭವ ಅದಕ್ಕೆ ತೀರ ವಿರುದ್ಧವಾದದ್ದು: ಕೊಳಚೆ ನೀರು ಸಂಸ್ಕರಣಾ ಘಟಕ, ಜನರೇಟರ್, ಮಳೆನೀರಿನ ಗುಂಡಿಗಳನ್ನು ಕಟ್ಟುವಾಗಲೇ ಬಂದು ನೋಡಿದ ಸಂಘದವರು ಆಮೇಲೆ ಅವನ್ನು ಚೆನ್ನಾಗಿ ನಡೆಸುತ್ತಾರೆ. ಕಟ್ಟಡದಲ್ಲಿ ವಾಸಿಸಬಹುದೆಂದು ಸ್ಥಳೀಯ ಆಡಳಿತ ಕೊಡುವ ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ಬರುವ ಮುಂಚೆ ಯಾರನ್ನೂ ಮನೆಗೆ ಕರೆಯಬಾರದು. ಓಸಿ ನೋಡಿಯೇ ನೀರು, ವಿದ್ಯುತ್ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಗೃಹಪ್ರವೇಶದ ಮುಹೂರ್ತ ಇಟ್ಟುಕೊಂಡವರು ಎಷ್ಟೇ ಒತ್ತಾಯಿಸಿದರೂ ಈ ಮಾತಿನಲ್ಲಿ ಸಡಿಲ ಬಿಡಬಾರದು.

ರಚನೆಯ ದೋಷಕ್ಕೆ ಮನೆ ಒಪ್ಪಿಸಿದಂದಿನಿಂದ ಐದು ವರ್ಷ ಕಂಪನಿಯೇ ಹೊಣೆ, ದೂರು ಬಂದ 30 ದಿನದೊಳಗೆ ಖರ್ಚಿಲ್ಲದೆ ಸರಿಪಡಿಸಬೇಕು. ದೂರಿಗೆ ಕಾಯುವ ಬದಲು, ಮೊದಲ ಮುಂಗಾರಿನಲ್ಲಿ ಎರಡು ಜೋರು ಮಳೆ ಬಿದ್ದ ಮೇಲೆ, ಕಟ್ಟಿದ ಎಂಜಿನಿಯರನ್ನೇ ಕಳುಹಿಸಿ ಮೇಲಿನ ಮಹಡಿಯ ಪ್ರತಿ ಮನೆಯ ಚಾವಣಿ, ಕಿಟಕಿಯ ಅಂಚು, ಬಚ್ಚಲಿನ ಹಿಂಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ ತೇವ ಇದ್ದಲ್ಲಿ ಗುರುತು ಹಾಕಿ ಬರಲು ಹೇಳಬೇಕು. ಆ ಪಟ್ಟಿಯ ಒಂದು ಪ್ರತಿ ಸಂಘಕ್ಕೆ, ಇನ್ನೊಂದು ಪ್ರತಿ ಮುಂದಿನ ಯೋಜನೆಯ ವಿನ್ಯಾಸ ಮಾಡುವವರ ಮೇಜಿಗೆ ಹೋಗಬೇಕು.