ಎಂಜಿನ್ ಕೋಣೆಯ ಶುಚಿತ್ವ: ನೀರು ಕಡಿಮೆ, ಎಚ್ಚರ ಹೆಚ್ಚು

ಕಾರಿನ ಹೊರಮೈಯನ್ನು ತಪ್ಪದೆ ತೊಳೆದು ಒರೆಸುವವರೂ ಬಾನೆಟ್‌ನ ಅಡಿಯಲ್ಲಿರುವ ಭಾಗವನ್ನು ಸಾಮಾನ್ಯವಾಗಿ ಹಾಗೆಯೇ ಬಿಟ್ಟಿರುತ್ತಾರೆ. ಮುಂಭಾಗದ ಜಾಲರಿಯಿಂದಲೂ ಕೆಳಗಿನಿಂದಲೂ ಒಳನುಗ್ಗುವ ದೂಳು, ಆಯಿಲ್ ಜಿನುಗಿದ ಕಡೆಯಲ್ಲೆಲ್ಲ ಅಂಟಿಕೊಂಡು, ಕಾಲಕ್ರಮದಲ್ಲಿ ಕಪ್ಪು ಜಿಡ್ಡಿನ ದಪ್ಪ ಪದರವಾಗುತ್ತದೆ. ಯಾವ ಸೀಲ್‌ನಿಂದ ಆಯಿಲ್ ಸೋರುತ್ತಿದೆ, ಯಾವ ರಬ್ಬರ್ ಪೈಪ್ ಬಿರುಕು ಬಿಟ್ಟಿದೆ, ಯಾವ ವೈರನ್ನು ಇಲಿ ಕಡಿದಿದೆ ಎಂಬುದೆಲ್ಲ ಆ ಪದರದಡಿ ಮುಚ್ಚಿಹೋಗುತ್ತದೆ. ಅದರ ಜೊತೆಗೆ ಒಣಗಿದ ಎಲೆಗಳೋ ಇಲಿ ಗೂಡು ಕಟ್ಟಲು ತಂದಿಟ್ಟ ಹುಲ್ಲು, ಬಟ್ಟೆಯ ಚೂರುಗಳೋ ಹೊಗೆಯನ್ನು ಹೊರಹಾಕುವ ಕಾದ ಎಕ್ಸಾಸ್ಟ್ ಭಾಗಗಳ ಬಳಿ ಸೇರಿಕೊಂಡರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಉಂಟು. ಹೀಗಾಗಿ ಎಂಜಿನ್ ಕೋಣೆಯ ಶುಚಿತ್ವವನ್ನು ನಾನು ಅಲಂಕಾರದ ಕೆಲಸವೆಂದು ಭಾವಿಸುವುದಿಲ್ಲ. ಅದು ವಾಹನದ ತಪಾಸಣೆಯ ಒಂದು ಭಾಗ.

ಆದರೆ ಇದೇ ಕೆಲಸವನ್ನು ಅವಸರದಿಂದ ಮಾಡಿದರೆ ಚೆನ್ನಾಗಿ ಓಡುತ್ತಿದ್ದ ವಾಹನ ಸ್ಟಾರ್ಟ್ ಆಗದೆ ನಿಲ್ಲಬಹುದು. ಇಂದಿನ ಕಾರುಗಳ ಬಾನೆಟ್ ಅಡಿಯಲ್ಲಿ ಹತ್ತಾರು ಸೆನ್ಸರ್‌ಗಳು, ವಿದ್ಯುತ್ ಕನೆಕ್ಟರ್‌ಗಳು ಮತ್ತು ಅನೇಕ ಮಾದರಿಗಳಲ್ಲಿ ಎಂಜಿನ್ನಿನ ನಿಯಂತ್ರಣ ಘಟಕವೂ ಇರುತ್ತವೆ. ಮಳೆಯ ನೀರು ಸಿಡಿಯುವುದನ್ನು ಇವು ತಡೆದುಕೊಳ್ಳುತ್ತವೆಯಾದರೂ ಹತ್ತಿರದಿಂದ ರಭಸವಾಗಿ ಹಾಯುವ ನೀರನ್ನು ತಡೆಯುವಂತೆ ಅವುಗಳ ಸೀಲ್‌ಗಳನ್ನು ರೂಪಿಸಿರುವುದಿಲ್ಲ. ಮನೆಬಳಕೆಯ ಪ್ರೆಷರ್ ವಾಷರ್ ಸಾಮಾನ್ಯವಾಗಿ 100 ಬಾರ್‌ಗೂ ಹೆಚ್ಚಿನ ಒತ್ತಡದಲ್ಲಿ ನೀರನ್ನು ಚಿಮ್ಮುತ್ತದೆ. ಆ ನೀರು ಕನೆಕ್ಟರ್‌ನೊಳಗೆ ನುಸುಳಿದರೆ ಸುಲಭಕ್ಕೆ ಒಣಗುವುದಿಲ್ಲ, ಒಳಗಿನ ಪಿನ್‌ಗಳಿಗೆ ಕಿಲುಬು ಹಿಡಿದು, ತೊಂದರೆ ಎಷ್ಟೋ ದಿನಗಳ ನಂತರ ಕಾಣಿಸಿಕೊಳ್ಳಬಹುದು. ಆದ್ದರಿಂದ ಪ್ರೆಷರ್ ವಾಷರನ್ನು ಈ ಕೆಲಸಕ್ಕೆ ಬಳಸಲೇಬಾರದು. ಮುಂದೆ ವಿವರಿಸಿರುವ ಕ್ರಮದಲ್ಲಿ ಬ್ರಷ್ ಮತ್ತು ಬಟ್ಟೆಯದೇ ಹೆಚ್ಚಿನ ಪಾಲು, ನೀರಿನದು ತೀರಾ ಕಡಿಮೆ.

ಕೆಲಸಕ್ಕೆ ಮೊದಲು

ಮೊದಲು ವಾಹನದೊಂದಿಗೆ ಬಂದಿರುವ ಕೈಪಿಡಿಯನ್ನು ತೆರೆದು, ಎಂಜಿನ್ ಕೋಣೆಯನ್ನು ಶುಚಿಗೊಳಿಸುವ ಬಗ್ಗೆ ತಯಾರಕರು ಏನು ಹೇಳಿದ್ದಾರೆಂದು ನೋಡಿಕೊಳ್ಳಬೇಕು. ಅಲ್ಲಿ ನೀರು ಬಳಸಬಾರದೆಂದು ಬರೆದಿದ್ದರೆ ಅದೇ ಅಂತಿಮ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ವಾಹನವಾಗಿದ್ದರೆ ಈ ಲೇಖನದ ನೀರಿನ ಹಂತಗಳು ನಿಮಗೆ ಅನ್ವಯಿಸುವುದಿಲ್ಲ. ಅವುಗಳಲ್ಲಿ ಕಿತ್ತಳೆ ಬಣ್ಣದ ಹೊದಿಕೆಯಿರುವ ಕೇಬಲ್‌ಗಳು ಪ್ರಾಣಕ್ಕೆ ಅಪಾಯ ತರುವಷ್ಟು ಅಧಿಕ ವೋಲ್ಟೇಜಿನ ವಿದ್ಯುತ್ತನ್ನು ಒಯ್ಯುತ್ತವೆ. ಅವನ್ನೂ ಅವು ಸೇರುವ ಪೆಟ್ಟಿಗೆಗಳನ್ನೂ ಮುಟ್ಟದೆ, ಉಳಿದ ಪ್ಲಾಸ್ಟಿಕ್ ಕವಚಗಳ ದೂಳನ್ನಷ್ಟೇ ಒಣ ಬಟ್ಟೆಯಿಂದ ಒರೆಸಿ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಎಂಜಿನ್ ಪೂರ್ತಿ ತಣಿದಿರಬೇಕು. ಓಡುವ ಎಂಜಿನ್ನಿನಲ್ಲಿ ಕೂಲಂಟ್‌ನ (ಎಂಜಿನ್ನನ್ನು ತಂಪಾಗಿಡುವ ದ್ರವದ) ಉಷ್ಣತೆ ಸುಮಾರು 90 ಡಿಗ್ರಿ ಸೆಲ್ಸಿಯಸ್ ಇದ್ದರೆ, ಎಂಜಿನ್ನಿನಿಂದ ಹೊಗೆಯನ್ನು ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಉಷ್ಣತೆ ನೂರಾರು ಡಿಗ್ರಿಗಳಿಗೆ ಏರಿರುತ್ತದೆ. ಇಂಥ ಲೋಹದ ಮೇಲೆ ತಣ್ಣೀರು ಬಿದ್ದರೆ ಕಾದ ಹಂಚಿಗೆ ನೀರು ಚಿಮುಕಿಸಿದಂತೆ ಚುರ್ರೆಂದು ಆವಿಯೇಳುವುದಷ್ಟೇ ಅಲ್ಲ, ಒಮ್ಮೆಲೇ ಕುಗ್ಗುವ ಲೋಹ ಸೊಟ್ಟಗಾಗುವ, ಬಿರುಕು ಬಿಡುವ ಸಾಧ್ಯತೆಯೂ ಇದೆ. ಬಿಸಿ ಭಾಗದ ಮೇಲೆ ಡಿಗ್ರೀಸರ್ (ಜಿಡ್ಡು ಕರಗಿಸುವ ದ್ರಾವಣ) ಸಿಂಪಡಿಸಿದರೆ ಅದು ಕೆಲಸ ಮಾಡುವ ಮೊದಲೇ ಒಣಗಿ ಕಲೆ ಬಿಡುತ್ತದೆ. ಹಿಂದಿನ ರಾತ್ರಿ ನಿಲ್ಲಿಸಿದ ವಾಹನವನ್ನು ಬೆಳಗ್ಗೆ ನೆರಳಿನಲ್ಲಿ ಶುಚಿಗೊಳಿಸುವುದು ಎಲ್ಲಕ್ಕಿಂತ ಅನುಕೂಲಕರ. ಇಗ್ನಿಷನ್ ಆಫ್ ಆಗಿದ್ದರೂ ಕೆಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಾನಾಗಿಯೇ ತಿರುಗಲು ಆರಂಭಿಸಬಹುದೆಂಬುದನ್ನು ನೆನಪಿನಲ್ಲಿಟ್ಟುಕೊಂಡು, ಅದರ ಬ್ಲೇಡ್‌ಗಳಿಂದ ಕೈಯನ್ನು ದೂರವಿಡಿ.

ಆಯಿಲ್ ಬೆರೆತ ನೀರು ಎಲ್ಲಿಗೆ ಹರಿಯುತ್ತದೆ ಎಂಬುದನ್ನೂ ಮೊದಲೇ ಯೋಚಿಸಿಕೊಳ್ಳಬೇಕು. ಮಳೆನೀರಿನ ಚರಂಡಿ, ಬಾವಿ, ತೋಟದ ಕಡೆಗೆ ಅದನ್ನು ಹರಿಯಬಿಡುವುದು ಸರ್ವಥಾ ಸಲ್ಲ. ವಾಹನದಡಿ ಟಾರ್ಪಾಲಿನ್ ಹಾಸಿ, ಅದರ ಮೇಲೆ ಮರಳು ಅಥವಾ ಮರದ ಹೊಟ್ಟನ್ನು ಹರಡಿದರೆ ಬೀಳುವ ಸ್ವಲ್ಪ ನೀರನ್ನು ಅದು ಹೀರಿಕೊಳ್ಳುತ್ತದೆ.

ಇನ್ನು ಸಾಮಗ್ರಿ. ಕೈಗವಸು, ಕಣ್ಣಿಗೆ ಕನ್ನಡಕ, ಒಂದೆರಡು ಮೃದುವಾದ ಬ್ರಷ್, ಹಳೆಯ ಟೂತ್‌ಬ್ರಷ್, ನಾಲ್ಕೈದು ಮೈಕ್ರೋಫೈಬರ್ ಬಟ್ಟೆ, ಕೈಯಿಂದ ಒತ್ತುವ ಸ್ಪ್ರೇ ಬಾಟಲಿ, ಪ್ಲಾಸ್ಟಿಕ್ ಚೀಲಗಳು, ರಬ್ಬರ್ ಬ್ಯಾಂಡ್‌ಗಳು ಮತ್ತು ನೀರಿನಲ್ಲಿ ಕರಗುವ ಬಗೆಯ ಡಿಗ್ರೀಸರ್ ಇದ್ದರೆ ಸಾಕು. ಜಿಡ್ಡು ತೆಗೆಯಲು ಪೆಟ್ರೋಲ್, ಸೀಮೆಎಣ್ಣೆ ಅಥವಾ ಡೀಸೆಲ್ ಬಳಸುವ ರೂಢಿ ಹಲವರಲ್ಲಿದೆ. ಇದನ್ನು ಖಂಡಿತ ಬಿಡಬೇಕು. ಇವು ಬೆಂಕಿಗೆ ಆಹ್ವಾನ ಕೊಡುವುದರ ಜೊತೆಗೆ ರಬ್ಬರ್ ಪೈಪ್‌ಗಳು ಉಬ್ಬಿ ಮೆತ್ತಗಾಗುವಂತೆ ಮಾಡುತ್ತವೆ.

ಬ್ಯಾಟರಿ ಬಿಚ್ಚುವುದು, ಮುಚ್ಚಬೇಕಾದುದನ್ನು ಮುಚ್ಚುವುದು

ಬಾನೆಟ್ ತೆರೆದ ಕೂಡಲೇ ಮೊಬೈಲ್‌ನಲ್ಲಿ ನಾಲ್ಕಾರು ಚಿತ್ರ ತೆಗೆದಿಟ್ಟುಕೊಳ್ಳಿ. ಯಾವ ಕ್ಲಿಪ್ ಎಲ್ಲಿತ್ತು, ಜಿಡ್ಡು ಎಲ್ಲಿ ಹೆಚ್ಚು ಸೇರಿತ್ತು ಎಂಬುದಕ್ಕೆ ಆಮೇಲೆ ಇದೇ ಆಧಾರ. ಒಂದೇ ಕಡೆ ಒದ್ದೆಯಾಗಿ ಹೊಳೆಯುವ ಜಿಡ್ಡು ಕಂಡರೆ ಅಲ್ಲಿ ಈಗಲೂ ಸೋರಿಕೆ ನಡೆಯುತ್ತಿದೆ ಎಂದರ್ಥ. ಒರೆಸುವ ಮೊದಲೇ ಆ ಜಾಗವನ್ನು ಗುರುತಿಸಿಕೊಳ್ಳಬೇಕು, ಏಕೆಂದರೆ ಒರೆಸಿದ ಮೇಲೆ ಸುಳಿವೂ ಅಳಿಸಿಹೋಗುತ್ತದೆ.

ಬ್ಯಾಟರಿಯ ಸಂಪರ್ಕ ತಪ್ಪಿಸುವಾಗ ಮೊದಲು ಮೈನಸ್ ಟರ್ಮಿನಲ್ ಬಿಚ್ಚಬೇಕು, ಮರುಜೋಡಿಸುವಾಗ ಅದನ್ನು ಕೊನೆಗೆ ಹಾಕಬೇಕು. ಕಾರಿನ ಲೋಹದ ಮೈ ಮೈನಸ್ ತುದಿಗೆ ಸೇರಿಕೊಂಡಿರುತ್ತದೆ. ಪ್ಲಸ್ ಟರ್ಮಿನಲನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಅಕಸ್ಮಾತ್ ಬಾಡಿಗೆ ತಾಗಿದರೆ ಶಾರ್ಟ್ ಸರ್ಕ್ಯೂಟ್ ಆಗಿ ಭಾರೀ ಕಿಡಿ ಹಾರುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ಆ ಅಪಾಯವಿಲ್ಲ. ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್ ಅನಿಲ ಕಿಡಿಗೆ ಸಿಡಿಯಬಲ್ಲದು ಎಂಬುದರಿಂದ ಈ ಕ್ರಮವನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ಉಂಗುರ, ಲೋಹದ ಕೈಗಡಿಯಾರ ತೆಗೆದಿಡಿ. ಬಿಚ್ಚಿದ ಕೇಬಲ್ ಮತ್ತೆ ಟರ್ಮಿನಲ್‌ಗೆ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿ. ಸಂಪರ್ಕ ತಪ್ಪಿಸಿದಾಗ ಗಡಿಯಾರದ ಸಮಯ, ಕಿಟಕಿಗಳ ಆಟೋ ಸೆಟ್ಟಿಂಗ್ ಅಳಿಸಿಹೋಗಬಹುದು. ಕೆಲವು ಕಾರುಗಳಲ್ಲಿ ಆಡಿಯೋ ವ್ಯವಸ್ಥೆಗೆ ಕೋಡ್ ಬೇಕಾಗುವುದೂ ಉಂಟು. ಇದೆಲ್ಲ ಕೈಪಿಡಿಯಲ್ಲಿ ಇರುತ್ತದೆ.

ಆಲ್ಟರ್ನೇಟರ್ (ಬ್ಯಾಟರಿಯನ್ನು ಚಾರ್ಜ್ ಮಾಡುವ ಯಂತ್ರ), ಫ್ಯೂಸ್ ಬಾಕ್ಸ್, ನಿಯಂತ್ರಣ ಘಟಕ, ಏರ್ ಫಿಲ್ಟರಿಗೆ ಗಾಳಿ ಎಳೆದುಕೊಳ್ಳುವ ಬಾಯಿ, ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್‌ಗಳು, ಬ್ಯಾಟರಿ, ಇವುಗಳಿಗೆ ಪ್ಲಾಸ್ಟಿಕ್ ಚೀಲ ಹೊದಿಸಿ ರಬ್ಬರ್ ಬ್ಯಾಂಡ್‌ನಿಂದ ಬಿಗಿಯಿರಿ. ಆಯಿಲ್ ತುಂಬುವ ಮುಚ್ಚಳ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ), ಬ್ರೇಕ್ ಆಯಿಲ್ ಮತ್ತು ಕೂಲಂಟ್‌ನ ಮುಚ್ಚಳಗಳು ಸರಿಯಾಗಿ ಕೂತಿವೆಯೇ ಎಂದು ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿ. ಎಷ್ಟು ಚೀಲ ಕಟ್ಟಿದ್ದೀರೆಂದು ಎಣಿಸಿ ಬರೆದಿಡುವುದು ಜಾಣತನ. ಒಂದು ಚೀಲ ಒಳಗೆ ಉಳಿದು ಎಂಜಿನ್ ಚಾಲೂ ಆದರೆ ಅದು ಬೆಲ್ಟಿಗೆ ಸಿಕ್ಕಿಕೊಳ್ಳಬಹುದು, ಇಲ್ಲವೇ ಎಕ್ಸಾಸ್ಟ್ ಮೇಲೆ ಕರಗಿ ಅಂಟಬಹುದು.

ಮೊದಲು ಒಣ ಶುಚಿ, ಆಮೇಲೆ ಒದ್ದೆ

ಒಣ ಕಸವನ್ನು ತೆಗೆಯದೆ ನೀರು ಹಾಕಿದರೆ ದೂಳೆಲ್ಲ ಕೆಸರಾಗಿ ಸಂದಿಗಳಿಗೆ ಇಳಿಯುತ್ತದೆ. ಆದ್ದರಿಂದ ಎಲೆ, ಕಡ್ಡಿ, ಮಣ್ಣನ್ನು ಕೈಯಿಂದಲೂ ವ್ಯಾಕ್ಯೂಮ್ ಕ್ಲೀನರ್‌ನಿಂದಲೂ ಮೊದಲು ತೆಗೆಯಬೇಕು. ಮುಂದಿನ ಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗಿನ ಕಾಲುವೆಯಂಥ ಜಾಗವನ್ನು ವಿಶೇಷವಾಗಿ ನೋಡಿ. ಮರದಡಿ ನಿಲ್ಲುವ ವಾಹನಗಳಲ್ಲಿ ಇಲ್ಲಿ ಎಲೆಗಳು ಕೊಳೆತು, ನೀರು ಹೊರಹೋಗುವ ರಂಧ್ರಗಳನ್ನು ಮುಚ್ಚಿಬಿಟ್ಟಿರುತ್ತವೆ. ಮಳೆಗಾಲದಲ್ಲಿ ಕಾರಿನೊಳಗೆ, ಕಾಲಿಡುವ ಜಾಗದಲ್ಲಿ ನೀರು ನಿಲ್ಲುವುದಕ್ಕೆ ಎಷ್ಟೋ ಬಾರಿ ಕಾರಣ ಇದೇ ಆಗಿರುತ್ತದೆ. ಇಲಿಯ ಹಿಕ್ಕೆ ಕಂಡರೆ ಒಣಗಿರುವಂತೆಯೇ ಗುಡಿಸಬೇಡಿ, ಊದಲೂಬೇಡಿ. ಅದರ ದೂಳಿನಿಂದ ರೋಗ ಹರಡಬಹುದು. ಮಾಸ್ಕ್ ಮತ್ತು ಕೈಗವಸು ಧರಿಸಿ, ಸೋಂಕುನಿವಾರಕ ಸಿಂಪಡಿಸಿ, ನೆನೆದ ಮೇಲೆ ಕಾಗದದಿಂದ ಎತ್ತಿ ತೆಗೆಯಿರಿ.

ಅನೇಕ ವಾಹನಗಳಿಗೆ ಇಷ್ಟೇ ಸಾಕು, ಇದಾದ ಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ಕೆಲಸ ಮುಗಿಯುತ್ತದೆ. ಜಿಡ್ಡು ಗಟ್ಟಿಯಾಗಿದ್ದರೆ ಮಾತ್ರ ಡಿಗ್ರೀಸರ್ ಹಿಡಿಯಿರಿ.

ಡಿಗ್ರೀಸರನ್ನು ಡಬ್ಬಿಯ ಮೇಲಿನ ಸೂಚನೆಯಂತೆ ತೆಳುಮಾಡಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಮೊದಲು ಪರೀಕ್ಷಿಸಬೇಕು. ತೀವ್ರ ಕ್ಷಾರೀಯವಾದವು ಅಲ್ಯೂಮಿನಿಯಂ ಭಾಗಗಳನ್ನು ಬಿಳಿಚಿಸುತ್ತವೆ. ಎಲ್ಲ ಕಡೆಗೂ ಸಿಂಪಡಿಸುವುದಕ್ಕಿಂತ ಬ್ರಷ್‌ಗೆ ಹಾಕಿಕೊಂಡು, ಒಂದೊಂದು ಭಾಗವಾಗಿ, ಕೆಳಗಿನಿಂದ ಮೇಲಕ್ಕೆ ಹಚ್ಚುತ್ತಾ ಹೋಗುವುದು ಮೇಲು. ಮೇಲಿನಿಂದ ಹಚ್ಚಿದರೆ ಇಳಿದ ಹನಿಗಳು ಕೆಳಗೆ ಗೆರೆಗೆರೆಯಾಗಿ ಕಲೆ ಬಿಡುತ್ತವೆ. ಮೂರ್ನಾಲ್ಕು ನಿಮಿಷ ನೆನೆಯಲು ಬಿಟ್ಟು, ಒಣಗುವ ಮುನ್ನವೇ ಟೂತ್‌ಬ್ರಷ್‌ನಿಂದ ಹಗುರವಾಗಿ ಉಜ್ಜಿದರೆ ಕಪ್ಪು ಪದರ ಕಂದು ನೊರೆಯಾಗಿ ಕರಗಿ ಬರುತ್ತದೆ. ಅದನ್ನು ಬಟ್ಟೆಯಿಂದಲೇ ಒರೆಸಿ ತೆಗೆಯಿರಿ. ಬೆಲ್ಟ್‌ಗಳಿಗೆ ಡಿಗ್ರೀಸರ್ ತಾಗಬಾರದು. ತಾಗಿದರೆ ಅವು ಜಾರುತ್ತವೆ, ಕಿರುಗುಟ್ಟುತ್ತವೆ.

ಉಳಿದ ಡಿಗ್ರೀಸರನ್ನು ತೆಗೆಯಲು ಸ್ಪ್ರೇ ಬಾಟಲಿಯಲ್ಲಿ ಶುದ್ಧ ನೀರು ತುಂಬಿ ತೆಳುವಾಗಿ ಸಿಂಪಡಿಸಿ, ಕೂಡಲೇ ಒರೆಸಬೇಕು. ಹೋಸ್ ಪೈಪ್ ಬಳಸಲೇಬೇಕೆನ್ನುವಷ್ಟು ಕೊಳೆಯಿದ್ದರೆ ಮಳೆಹನಿಯಂತೆ ಬೀಳುವ ನಳಿಕೆ ಹಾಕಿ, ಒತ್ತಡ ತಗ್ಗಿಸಿ, ಮುಚ್ಚಿದ ಭಾಗಗಳಿಂದ ದೂರದಲ್ಲಷ್ಟೇ ಬಳಸಿ. ರೇಡಿಯೇಟರ್‌ನ ಸಣ್ಣ ರೆಕ್ಕೆಗಳು ಬೆರಳು ತಾಗಿದರೂ ಬಾಗುವಷ್ಟು ನಯವಾಗಿರುತ್ತವೆ. ಅಲ್ಲಿ ಸಿಕ್ಕಿಕೊಂಡ ಕೀಟಗಳನ್ನು ಎಂಜಿನ್ ಕಡೆಯಿಂದ ಹೊರಮುಖವಾಗಿ ಮೆಲ್ಲನೆ ನೀರು ಹಾಯಿಸಿ ಸಡಿಲಿಸಬೇಕು, ಬ್ರಷ್ ಹಾಕಿ ತಿಕ್ಕಬಾರದು.

ಬ್ಯಾಟರಿ ಟರ್ಮಿನಲ್‌ಗಳ ಸುತ್ತ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಟ್ಟಿಕೊಂಡಿದ್ದರೆ ಅದನ್ನು ತೆಗೆಯಲು ಇದೇ ಸಮಯ. ಪ್ಲಸ್ ಕೇಬಲನ್ನೂ ಈಗ ಬಿಚ್ಚಿ. ಒಂದು ಕಪ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಬೆರೆಸಿ ಟೂತ್‌ಬ್ರಷ್‌ನಿಂದ ಹಚ್ಚಿದರೆ ಪುಡಿಯಲ್ಲಿರುವ ಆಮ್ಲದೊಂದಿಗೆ ಸೋಡಾ ವರ್ತಿಸಿ ಬುಸುಬುಸು ನೊರೆ ಬರುತ್ತದೆ. ನೊರೆ ನಿಂತರೆ ಆಮ್ಲ ತಟಸ್ಥವಾಯಿತೆಂದು ತಿಳಿಯಬಹುದು. ಬ್ಯಾಟರಿಯ ಮೇಲೆ ಮುಚ್ಚಳಗಳಿದ್ದರೆ ಈ ದ್ರಾವಣ ಒಳಗಿಳಿಯದಂತೆ ಅವು ಬಿಗಿಯಾಗಿರಬೇಕು. ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಎಲ್ಲ ಕೆಲಸ ಮುಗಿದು ಕೊನೆಗೆ ಕೇಬಲ್‌ಗಳನ್ನು ಮರುಜೋಡಿಸಿದ ನಂತರ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಪುಡಿ ಬೇಗನೆ ಮತ್ತೆ ಕಟ್ಟುವುದಿಲ್ಲ.

ಒಣಗಿಸಿ ಚಾಲೂ ಮಾಡುವುದು

ಈ ಹಂತದಲ್ಲಿ ತಾಳ್ಮೆ ಕಳೆದುಕೊಳ್ಳುವವರೇ ಹೆಚ್ಚು. ಚೀಲಗಳನ್ನೆಲ್ಲ ಎಣಿಸಿ ತೆಗೆದು, ಒಣ ಬಟ್ಟೆಯಿಂದ ನಿಂತ ನೀರನ್ನು ಹೀರಿಸಿ, ಬಾನೆಟ್ ತೆರೆದಿಟ್ಟು ಒಂದೆರಡು ಗಂಟೆಯಾದರೂ ಗಾಳಿಗೆ ಬಿಡಬೇಕು. ಸ್ಪಾರ್ಕ್ ಪ್ಲಗ್‌ಗಳು ಎಂಜಿನ್ನಿನ ಮೇಲ್ಭಾಗದಲ್ಲಿ ಆಳವಾದ ಕುಳಿಗಳಲ್ಲಿ ಕೂತಿರುವ ವಾಹನಗಳಲ್ಲಿ, ಅಲ್ಲಿ ಸೇರಿದ ಸ್ವಲ್ಪ ನೀರೂ ತಾನಾಗಿ ಆರುವುದಿಲ್ಲ. ನೀರು ಇಳಿದಿದೆಯೆಂಬ ಅನುಮಾನವಿದ್ದರೆ ಬ್ಲೋಅರ್‌ನಿಂದ ಗಾಳಿ ಊದಿಸಿ ಹೊರಹಾಕಬೇಕು. ಎಲ್ಲವೂ ಒಣಗಿದ ಮೇಲೆ ಬ್ಯಾಟರಿ ಜೋಡಿಸಿ.

ಎಂಜಿನ್ ಚಾಲೂ ಮಾಡುವಾಗ ವಾಹನ ಬಯಲಿನಲ್ಲಿರಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಪ್ರಾಣವನ್ನೇ ತೆಗೆಯಬಲ್ಲದು. ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿಟ್ಟು, ಹತ್ತು ಹದಿನೈದು ನಿಮಿಷ ಓಡಲು ಬಿಡಿ. ಮೊದಮೊದಲು ತುಸು ಆವಿ ಎದ್ದರೆ ಗಾಬರಿ ಬೇಡ, ಉಳಿದ ತೇವ ಆರುತ್ತಿರುತ್ತದೆ. ಎಂಜಿನ್ ನಡುಗುತ್ತಿದ್ದರೆ, ತಡೆತಡೆದು ಓಡುತ್ತಿದ್ದರೆ, ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ತಕ್ಷಣ ನಿಲ್ಲಿಸಬೇಕು. ಯಾವುದೋ ಸಿಲಿಂಡರಿನಲ್ಲಿ ಇಂಧನ ಉರಿಯುತ್ತಿಲ್ಲ ಎಂಬುದರ ಸೂಚನೆ ಅದು. ಹಾಗೆಯೇ ಓಡಿಸಿದರೆ ಉರಿಯದ ಇಂಧನ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯಲ್ಲಿನ ವಿಷಾನಿಲ ತಗ್ಗಿಸುವ ಭಾಗ) ತಲುಪಿ ಅದನ್ನು ಹಾಳುಮಾಡುತ್ತದೆ. ಮತ್ತಷ್ಟು ಒಣಗಿಸಿ ನೋಡಿ. ಆಗಲೂ ಸರಿಹೋಗದಿದ್ದರೆ ಮೆಕ್ಯಾನಿಕ್‌ರನ್ನು ಕರೆಸುವುದೇ ದಾರಿ.

ಪ್ಲಾಸ್ಟಿಕ್ ಮತ್ತು ರಬ್ಬರಿಗೆ ಹೊಳಪು ಕೊಡುವ ದ್ರಾವಣ ಹಚ್ಚಬೇಕೇ ಎಂಬುದು ನಿಮ್ಮ ಇಷ್ಟ, ನನಗೆ ಅದು ಅಗತ್ಯವೆನಿಸಿಲ್ಲ. ಹಚ್ಚುವುದಾದರೆ ನೀರು ಆಧಾರಿತವಾದುದನ್ನೇ ಆರಿಸಿ, ಬಟ್ಟೆಗೆ ಹಾಕಿಕೊಂಡು ಸವರಿ, ಬೆಲ್ಟ್ ಮತ್ತು ಎಕ್ಸಾಸ್ಟ್ ಭಾಗಗಳನ್ನು ಬಿಟ್ಟುಬಿಡಿ. ಜಿಡ್ಡುಜಿಡ್ಡಾದ ಹೊಳಪು ಮತ್ತೆ ದೂಳನ್ನೇ ಹಿಡಿಯುತ್ತದೆ. ಆಯಿಲ್ ಹೀರಿದ ಮರಳು, ಮರದ ಹೊಟ್ಟು, ಬಟ್ಟೆಗಳನ್ನು ಮನೆಯ ಕಸದೊಂದಿಗೆ ಬೆರೆಸದೆ ಬೇರೆಯಾಗಿ ಕಟ್ಟಿ, ಹಳೆಯ ಆಯಿಲ್ ಸಂಗ್ರಹಿಸುವ ವರ್ಕ್‌ಶಾಪ್‌ಗೆ ಒಪ್ಪಿಸಿ.

ಎರಡು ಮೂರು ದಿನ ವಾಹನ ಓಡಿಸಿದ ಬಳಿಕ ಬಾನೆಟ್ ಮತ್ತೊಮ್ಮೆ ತೆರೆಯಿರಿ. ಶುಚಿಯಾದ ಲೋಹದ ಮೇಲೆ ಹೊಸ ಒದ್ದೆ ಕಂಡರೆ ಸೋರಿಕೆ ಆರಂಭವಾಗುವ ಜಾಗ ಈಗ ನಿಖರವಾಗಿ ಸಿಗುತ್ತದೆ. ರಾತ್ರಿ ವಾಹನದಡಿ ಬಿಳಿಯ ರಟ್ಟನ್ನು ಹಾಸಿಟ್ಟರೆ ಬಿದ್ದ ಹನಿಯ ಬಣ್ಣವೂ ತಿಳಿಯುತ್ತದೆ. ಕಂದು ಅಥವಾ ಕಪ್ಪು ಜಿಡ್ಡಾದರೆ ಸಾಮಾನ್ಯವಾಗಿ ಎಂಜಿನ್ ಆಯಿಲ್, ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣದ ತೆಳು ದ್ರವವಾದರೆ ಕೂಲಂಟ್, ಎಣ್ಣೆಯಂಥ ಕೆಂಪು ದ್ರವವಾದರೆ ಹೆಚ್ಚಾಗಿ ಗೇರ್ ಅಥವಾ ಪವರ್ ಸ್ಟೀರಿಂಗ್‌ನ ಆಯಿಲ್. ಏಸಿ ಬಳಸಿದ ಮೇಲೆ ಬೀಳುವ ತಿಳಿನೀರಿಗೆ ಚಿಂತಿಸಬೇಕಿಲ್ಲ. ಉಳಿದ ಯಾವ ಕಲೆ ಬಿದ್ದಿದ್ದರೂ ರಟ್ಟಿನ ಮೇಲೆ ಅದು ಬಿದ್ದ ದಿಕ್ಕನ್ನು ಗುರುತು ಹಾಕಿ, ಮೊದಲು ತೆಗೆದಿಟ್ಟ ಚಿತ್ರಗಳ ಜೊತೆಗೆ ಮೆಕ್ಯಾನಿಕ್‌ಗೆ ತೋರಿಸಿ.