ಗಡಿನಾಡಿನಿಂದ ಸಾಹಿತ್ಯ ಸಂಶೋಧನೆಗೆ ದುಡ್ಡು ಕೇಳುವ ಬಗೆ

ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು ನಾನು. ಪಿಎಚ್‌.ಡಿ.ಗೆ ಸೇರಿದ, ಸೇರಬೇಕೆಂದಿರುವ ಮಕ್ಕಳು ಅರ್ಜಿಯ ಕರಡು ಹಿಡಿದುಕೊಂಡು ಮನೆಗೆ ಬರುತ್ತಾರೆ. ಹೆಚ್ಚಿನವರ ಮೊದಲ ವಾಕ್ಯ ಒಂದೇ: ‘ಯಕ್ಷಗಾನವು ಕರಾವಳಿಯ ಶ್ರೀಮಂತ ಕಲೆಯಾಗಿದೆ.’ ಎರಡನೆಯ ವಾಕ್ಯ, ಅದು ಅಳಿವಿನಂಚಿನಲ್ಲಿದೆ. ಕುಂಬಳೆಯಲ್ಲಿ ರಾತ್ರಿ ಆಟ ಇದ್ದರೆ ಬೈಕು ನಿಲ್ಲಿಸಲು ಜಾಗ ಸಿಗುವುದಿಲ್ಲ, ಅಳಿವು ಎಲ್ಲಿಂದ ಬಂತು ಮಾರಾಯರೇ? ಈ ಎರಡೂ ವಾಕ್ಯಗಳನ್ನು ಹೊಡೆದುಹಾಕುವಲ್ಲಿಂದ ನನ್ನ ಕೆಲಸ ಸುರು. ಆಮೇಲೆ ಅವರಿಗೆ ಏನು ಹೇಳುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ.

ದುಡ್ಡಿನಲ್ಲಿ ಎರಡು ಜಾತಿ. ಪರೀಕ್ಷೆ ಪಾಸಾಗಿ ಬರುವುದು ಒಂದು, ಅರ್ಜಿ ಹಾಕಿ ಬರುವುದು ಇನ್ನೊಂದು. ಪರೀಕ್ಷೆಯ ದುಡ್ಡು ನಿಮ್ಮ ವಿಷಯ ಯಾವುದೆಂದು ಕೇಳುವುದಿಲ್ಲ. ಅರ್ಜಿಯ ದುಡ್ಡು ಕೇಳುತ್ತದೆ, ಕೆಲವೊಮ್ಮೆ ವಿಷಯವನ್ನು ತಾನೇ ಹೇಳುತ್ತದೆ. ಹಾಗಾಗಿ ವಯಸ್ಸು ಇರುವಾಗ ಮೊದಲನೆಯದರ ಹಿಂದೆ ಬೀಳಿ.

ಅದೆಂದರೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಸಂಶೋಧಕರಿಗೆ ತಿಂಗಳು ತಿಂಗಳು ಕೊಡುವ ಫೆಲೋಶಿಪ್, ಜೆಆರ್‌ಎಫ್. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸರದಿಯಲ್ಲಿ ಅದಕ್ಕೆ ನೆಟ್ ಎಂಬ ಪರೀಕ್ಷೆ ನಡೆಯುತ್ತದೆ. ಕನ್ನಡದ ಕೋಡ್ ನಂಬ್ರ 21. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30. ಹೆಣ್ಣುಮಕ್ಕಳಿಗೆ, ಹಿಂದುಳಿದ ವರ್ಗದವರಿಗೆ, ಪರಿಶಿಷ್ಟರಿಗೆ ಐದು ವರ್ಷದ ವಿನಾಯಿತಿ ಉಂಟು. ಎರಡನೆಯ ಪೇಪರಿನ 100 ಪ್ರಶ್ನೆ ಕನ್ನಡದಲ್ಲೇ. ನಮ್ಮವರು ಪಂಪ, ರನ್ನ, ಛಂದಸ್ಸು ಎಲ್ಲ ಓದಿಕೊಂಡು ಹೋಗಿ ಬೀಳುವುದು ಮೊದಲನೆಯ ಪೇಪರಿನಲ್ಲಿ. ಅದರ 50 ಪ್ರಶ್ನೆಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಇರುತ್ತವೆ. ಅಂಕಿಅಂಶದ ಪಟ್ಟಿ ಓದುವುದು, ತರ್ಕ, ಬೋಧನೆಯ ವಿಧಾನ, ಇಂಥದ್ದು. ಕನ್ನಡ ಮೀಡಿಯಂನಲ್ಲಿ ಕಲಿತವರು ತಯಾರಿಯ ಅರ್ಧ ಸಮಯವನ್ನು ಇದಕ್ಕೇ ಇಡಿ. ಕನ್ನಡ ಸಾಹಿತ್ಯದ ಸಂಶೋಧಕನನ್ನು ಆರಿಸಲು ಕನ್ನಡ ಬಿಟ್ಟು ಬೇರೆ ಭಾಷೆಯ ಜರಡಿ ಯಾಕೆ ಎಂಬ ಪ್ರಶ್ನೆ ನನ್ನಲ್ಲೂ ಉಂಟು. ಪರೀಕ್ಷಾ ಹಾಲಿನಲ್ಲಿ ಅದನ್ನು ಕೇಳಿ ಪ್ರಯೋಜನ ಇಲ್ಲ.

ಸಿಕ್ಕಿದರೆ, 2023ರ ಜನವರಿಯಿಂದ ಜಾರಿಯಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. ಮನೆ ಬಾಡಿಗೆಯ ಭತ್ಯೆ ಬೇರೆ. ಫೆಲೋಶಿಪ್ಪಿನ ಮೊತ್ತ ವಿಜ್ಞಾನದವರಿಗೂ ನಮಗೂ ಒಂದೇ. ವ್ಯತ್ಯಾಸ ಇರುವುದು ಕಂಟಿಂಜೆನ್ಸಿಯಲ್ಲಿ, ಅಂದರೆ ಪುಸ್ತಕ, ಓಡಾಟ, ಝೆರಾಕ್ಸಿನ ದುಡ್ಡಿನಲ್ಲಿ. ವಿಜ್ಞಾನಕ್ಕೆ ಮೊದಲ ಎರಡು ವರ್ಷ ವರ್ಷಕ್ಕೆ 12,000, ಆಮೇಲೆ 25,000. ಮಾನವಿಕ ವಿಷಯಗಳಿಗೆ 10,000, ಆಮೇಲೆ 20,500. ಸಾಹಿತ್ಯದವರಿಗೆ ಕುರ್ಚಿ ಮೇಜು ಸಾಕು ಎಂದು ಲೆಕ್ಕ ಹಾಕಿದವರು ಯಾರೋ, ಅವರು ಒಮ್ಮೆಯೂ ತಾಳೆಗರಿ ಹುಡುಕಿಕೊಂಡು ಅಡೂರಿನ ಕಡೆ ಜೀಪಿನಲ್ಲಿ ಹೋಗಿಲ್ಲ.

ದುಡ್ಡು ಕೆನರಾ ಬ್ಯಾಂಕಿನ ಪೋರ್ಟಲ್ ಮೂಲಕ ಬರುತ್ತದೆ. ಪ್ರತಿ ತಿಂಗಳೂ ನಿಮ್ಮ ಸಂಸ್ಥೆಯ ಆಫೀಸಿನವರು ‘ಈ ವಿದ್ಯಾರ್ಥಿ ಕೆಲಸ ಮಾಡುತ್ತಿದ್ದಾನೆ’ ಎಂದು ಅಲ್ಲಿ ದೃಢೀಕರಿಸಬೇಕು: ಒಬ್ಬರು ದಾಖಲಿಸಬೇಕು, ಇನ್ನೊಬ್ಬರು ಒಪ್ಪಬೇಕು. ಇಬ್ಬರಲ್ಲಿ ಒಬ್ಬರು ರಜೆಯಲ್ಲಿದ್ದರೆ ನಿಮ್ಮ ತಿಂಗಳು ಹೋಯಿತು. ಆ ಇಬ್ಬರು ಯಾರೆಂದು ಮೊದಲ ವಾರವೇ ತಿಳಿದುಕೊಳ್ಳಿ. ಓಣಂ ರಜೆಗೆ ಮುಂಚೆ ಒಂದು ಸಲ ನೆನಪು ಮಾಡಿ. ದುಡ್ಡು ತಡವಾಗುವುದು ಮಾಮೂಲು. ಮನೆಯವರಿಗೆ ಇದನ್ನು ಮೊದಲೇ ಹೇಳಿಟ್ಟರೆ ಪಂಚಾತಿಗೆ ಕಡಿಮೆ.

ನೆಟ್ ಆಗದಿದ್ದರೆ? ನಮ್ಮ ಜಿಲ್ಲೆಯ ಪೆರಿಯದಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ನಾನ್‌-ನೆಟ್ ಫೆಲೋಶಿಪ್ ಎಂದು ತಿಂಗಳಿಗೆ 8,000 ಉಂಟು. 2015ರಲ್ಲಿ ಅದನ್ನೂ ನಿಲ್ಲಿಸುತ್ತೇವೆ ಎಂದು ಯುಜಿಸಿ ಹೇಳಿದಾಗ ದೆಹಲಿಯಲ್ಲಿ ಅದರ ಕಚೇರಿಯ ಎದುರೇ ವಿದ್ಯಾರ್ಥಿಗಳು ಬೀಡುಬಿಟ್ಟು ಕುಳಿತರು. ಹಾಗಾಗಿ ಉಳಿಯಿತು. ಮೊತ್ತ ಮಾತ್ರ ಅಲ್ಲೇ ನಿಂತಿದೆ.

ಇನ್ನು ಅರ್ಜಿಯ ದುಡ್ಡು. ಇಲ್ಲಿ ಒಂದು ವಿಚಿತ್ರ ತಿಳಿದಿರಬೇಕು. ಸಮಾಜವಿಜ್ಞಾನಕ್ಕೆ ನಮ್ಮ ದೇಶದಲ್ಲಿ ಒಂದು ಸಂಶೋಧನಾ ಮಂಡಳಿ ಉಂಟು, ಐಸಿಎಸ್‌ಎಸ್‌ಆರ್, 1969ರದ್ದು. ಚರಿತ್ರೆಗೆ ಐಸಿಎಚ್‌ಆರ್, 1972ರದ್ದು. ತತ್ತ್ವಶಾಸ್ತ್ರಕ್ಕೂ ಉಂಟು, ಐಸಿಪಿಆರ್. ಸಾಹಿತ್ಯಕ್ಕೆ ಇಲ್ಲ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕೊಡುತ್ತದೆ, ಪುಸ್ತಕ ತರುತ್ತದೆ, ಗೋಷ್ಠಿ ನಡೆಸುತ್ತದೆ, ಪಿಎಚ್‌.ಡಿ. ವಿದ್ಯಾರ್ಥಿಗೆ ತಿಂಗಳ ದುಡ್ಡು ಕೊಡುವುದು ಅದರ ಕೆಲಸ ಅಲ್ಲ. 2023ರ ಕಾಯಿದೆಯಲ್ಲಿ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನದ ಬಗ್ಗೆ ಮಾತಾಡುವಾಗ ಐದು ವರ್ಷಕ್ಕೆ 50,000 ಕೋಟಿ ಎಂದರು. ಆ ಕಾಯಿದೆಯಲ್ಲಿ ಮಾನವಿಕ ಶಾಸ್ತ್ರದ ಹೆಸರೂ ಉಂಟು, ಆದರೆ ಅದು ವಿಜ್ಞಾನ ತಂತ್ರಜ್ಞಾನವನ್ನು ಮುಟ್ಟುವ ಜಾಗಕ್ಕೆ ಮಾತ್ರ. ಹಳೆಯ ಕೈಬರಹವನ್ನು ಕಂಪ್ಯೂಟರಿಗೆ ಓದಲು ಕಲಿಸುತ್ತೇನೆ ಎಂದರೆ ಕೇಳಿಸಿಕೊಂಡಾರು. ತೆಂಕುತಿಟ್ಟಿನ, ಅಂದರೆ ನಮ್ಮ ಕಡೆಯ ಯಕ್ಷಗಾನದ, ಪದ್ಯಗಳ ಛಂದಸ್ಸು ಎಂದರೆ ಕಷ್ಟ.

ಅಂದರೆ ಸಾಹಿತ್ಯದವರು ಯಾವಾಗಲೂ ನೆಂಟರ ಮನೆಯಲ್ಲಿ ಉಣ್ಣಬೇಕು. ಹಾಗೆ ಹೋಗುವಾಗ ಯಾವ ಮನೆಯಲ್ಲಿ ಏನು ಕೇಳಬಹುದು ಎಂಬುದೇ ಅರ್ಜಿಯ ಕಲೆ.

ಒಂದು ಉದಾಹರಣೆ ಕೊಡುತ್ತೇನೆ. ಮುಳ್ಳೇರಿಯ ಕಡೆಯ ಒಬ್ಬಳು ‘ಕುಂಬಳೆ ಸೀಮೆಯ ಯಕ್ಷಗಾನ ಪ್ರಸಂಗಗಳ ಸಾಂಸ್ಕೃತಿಕ ಅಧ್ಯಯನ’ ಎಂದು ಬರೆದುಕೊಂಡು ಬಂದಳು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವರಿಗೆ ಈ ಹೆಸರು ನಾಲಗೆಯ ತುದಿಯಲ್ಲೇ ಇರುತ್ತದೆ. ‘ಇದಕ್ಕೆ ಬೇಕಾದ್ದು ನಿನ್ನ ಕೈಯಲ್ಲಿ ಎಂತ ಉಂಟು?’ ಎಂದು ಕೇಳಿದೆ. ‘ಅಜ್ಜನ ಪೆಟ್ಟಿಗೆ ಉಂಟು ಟೀಚರೇ. ಪ್ರಸಂಗ ನಕಲು ಮಾಡಿದ ಪುಸ್ತಕಗಳು.’ ಮರುವಾರ ತಂದಳು. ಕೆಲವು ಲೆಕ್ಕದ ಪುಸ್ತಕದ ಗೀಟು ಹಾಳೆಯಲ್ಲಿ ಬರೆದವು. ಕೊನೆಯ ಪುಟದಲ್ಲಿ ಸಂವತ್ಸರ, ತಿಥಿ, ಬರೆದವನ ಹೆಸರು, ಇಂಥವರ ಮನೆಯ ಪುಸ್ತಕ ನೋಡಿ ಬರೆದದ್ದು ಎಂಬ ಸಾಲು. ಸಂಶೋಧನೆ ಇರುವುದು ಆ ಕೊನೆಯ ಪುಟಗಳಲ್ಲಿ! ಯಾರ ಮನೆಯಿಂದ ಯಾರ ಮನೆಗೆ ಯಾವ ಪ್ರಸಂಗ ಹೋಯಿತು, ನಕಲು ಮಾಡುವಾಗ ಯಾವ ಪದ್ಯ ಬಿಟ್ಟರು, ಯಾವುದನ್ನು ಸೇರಿಸಿದರು?

ಇದೇ ಸಾಮಗ್ರಿಯನ್ನು ಚರಿತ್ರೆಯ ಮಂಡಳಿಗೆ ಬರೆಯುವುದಾದರೆ ‘ಕುಂಬಳೆ ಸೀಮೆಯಲ್ಲಿ ಹಸ್ತಪ್ರತಿಗಳ ಪ್ರಸಾರ: ಲಿಪಿಕಾರರು ಮತ್ತು ಮನೆತನಗಳು’ ಎನ್ನಬೇಕು. ಸಮಾಜವಿಜ್ಞಾನಕ್ಕಾದರೆ ನಕಲು ಮಾಡಿದವರ ಜಾತಿ, ಕಸುಬು, ಅವರು ಅಕ್ಷರ ಕಲಿತದ್ದೆಲ್ಲಿ ಎಂಬುದು ಮುಂದೆ ಬರಬೇಕು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನಂಥ ಖಾಸಗಿ ನೆರವಿನ ಸಂಸ್ಥೆಗಾದರೆ ಆಟದಲ್ಲಿ ಹಾಡುವ ಭಾಗವತರು ಆ ಪ್ರತಿಯನ್ನು ರಂಗದ ಮೇಲೆ ಹೇಗೆ ಬಳಸಿದರು ಎಂಬಲ್ಲಿಂದ ತೊಡಗಿ. ಅಲ್ಲಿಗೆ ಭಾರತೀಯ ಭಾಷೆಗಳಲ್ಲೇ ಬರೆಯಬಹುದು, ಕನ್ನಡದಲ್ಲಿ ಚೆನ್ನಾಗಿ ಯೋಚಿಸುವವರು ಅದನ್ನು ಬಿಡಬಾರದು. ಮೂರು ಅರ್ಜಿಗಳಲ್ಲಿ ಮುಖ ಬೇರೆ. ಅಜ್ಜನ ಪೆಟ್ಟಿಗೆ ಒಂದೇ. ಪೆಟ್ಟಿಗೆಯಲ್ಲಿ ಇಲ್ಲದ್ದನ್ನು ಉಂಟು ಎಂದು ಬರೆದರೆ ಮಾತ್ರ ಮುಂದೆ ವರದಿ ಕೊಡುವಾಗ ಸಿಕ್ಕಿಬೀಳುತ್ತೀರಿ.

ಖರ್ಚಿನ ಪಟ್ಟಿಯಲ್ಲಿ ಓಡಾಟಕ್ಕೆ ಹೆಚ್ಚು ಇಡಿ, ಯಾಕೆ ಹೆಚ್ಚೆಂದು ಒಂದು ಪ್ಯಾರಾ ಬರೆಯಿರಿ. ಕಾಸರಗೋಡಿನ ಕಾಗದಪತ್ರ ಕಾಸರಗೋಡಿನಲ್ಲಿ ಇಲ್ಲ. ಟಿಪ್ಪು ಬಿದ್ದ 1799ರ ನಂತರ ಈ ನಾಡು ಕಂಪೆನಿಯ ಕೈಗೆ ಹೋಗಿ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತು, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಬಂತು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಹಳೆಯ ಸರಕಾರಿ ದಾಖಲೆಗೆ ಚೆನ್ನೈನ ಎಗ್ಮೋರಿಗೆ ಹೋಗಬೇಕು, ಮಿಷನ್ ಪ್ರೆಸ್ಸಿನ ಪುಸ್ತಕಗಳಿಗೆ ಮಂಗಳೂರಿಗೆ, ಗೋವಿಂದ ಪೈಗಳ ಹೆಸರಿನ ಸಂಶೋಧನ ಕೇಂದ್ರಕ್ಕೆ ಉಡುಪಿಗೆ, ಹಸ್ತಪ್ರತಿಗೆಂದು ತಿರುವನಂತಪುರದ ಕಾರ್ಯವಟ್ಟಕ್ಕೆ. ದೆಹಲಿಯಲ್ಲಿ ಕುಳಿತು ಅರ್ಜಿ ಓದುವವರಿಗೆ ನಾವು ಕೇರಳದವರು. ಕೇರಳದವರು ಚೆನ್ನೈಗೂ ಉಡುಪಿಗೂ ಯಾಕೆ ಓಡುತ್ತಾರೆ ಎಂಬುದನ್ನು ಇಸವಿ ಹಾಕಿ ಹೇಳದಿದ್ದರೆ ಆ ಕಾಲಮಿಗೆ ಗೀಟು ಬೀಳುತ್ತದೆ.

ಗಡಿಯವರೆಂಬ ಕಾರಣಕ್ಕೆ ಬೇರೆ ದುಡ್ಡು ಉಂಟಾ ಎಂದು ಎಲ್ಲರೂ ಕೇಳುತ್ತಾರೆ. ನಾವು ಭಾಷಾ ಅಲ್ಪಸಂಖ್ಯಾತರು, ಸಂವಿಧಾನದ 350ಎ, 350ಬಿ ವಿಧಿಗಳು ನಮ್ಮಂಥವರಿಗಾಗಿಯೇ ಇರುವುದು. ಆದರೆ ಕೇಂದ್ರದ ಫೆಲೋಶಿಪ್ಪುಗಳಲ್ಲಿ ‘ಅಲ್ಪಸಂಖ್ಯಾತ’ ಎಂದು ಕಂಡರೆ ಅದು ಧರ್ಮದ ಲೆಕ್ಕ: ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ, ಜೈನ. ಅವರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನೂ 2022ರಲ್ಲಿ ನಿಲ್ಲಿಸಿದರು. ಕರ್ನಾಟಕದಲ್ಲಿ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಉಂಟು. ಅಲ್ಲಿಗೆ ಒಬ್ಬೊಬ್ಬರೇ ಹೋಗುವ ಬದಲು ನೋಂದಣಿಯಾದ ಕನ್ನಡ ಸಂಘದ ಮೂಲಕ ಹೋಗಿ. ಪ್ರಬಂಧಕ್ಕೆ ಅಲ್ಲ, ಹಸ್ತಪ್ರತಿ ಪ್ರದರ್ಶನ, ಕಮ್ಮಟ, ಪುಸ್ತಕ ಮುದ್ರಣದಂಥ ಕೆಲಸಕ್ಕೆ ಕೇಳಿ. ಕರ್ನಾಟಕದ ಯಾವುದೇ ಫೆಲೋಶಿಪ್ಪಿನ ಪ್ರಕಟಣೆ ಕಂಡರೆ ಮೊದಲು ವಾಸದ ಷರತ್ತಿಗೆ ಕಣ್ಣು ಹಾಕಿ. ಸೀಟು ಹಂಚುವಾಗ ಗಡಿನಾಡ ಕನ್ನಡಿಗರೆಂದು ಕಾಸರಗೋಡು, ಮಂಜೇಶ್ವರ, ಹೊಸದುರ್ಗದವರಿಗೆ ಸಿಗುವ ಮರ್ಯಾದೆ ಫೆಲೋಶಿಪ್ಪಿಗೂ ಸಿಗುತ್ತದೆಂದು ನಂಬಿಕೊಂಡು ಕೂರಬೇಡಿ. ಕೇರಳ ಸರಕಾರದ ಇ-ಗ್ರಾಂಟ್ಸ್ ಎಂಬ ವಿದ್ಯಾರ್ಥಿವೇತನ ಪರಿಶಿಷ್ಟರಿಗೂ ಹಿಂದುಳಿದವರಿಗೂ ಉಂಟು, ಭಾಷೆ ಯಾವುದೆಂದು ಅಲ್ಲಿ ಕೇಳುವುದಿಲ್ಲ. ಆದಾಯ, ನೇಟಿವಿಟಿ, ಜಾತಿ ಸರ್ಟಿಫಿಕೇಟುಗಳನ್ನು ಸರಕಾರಿ ಸೇವೆಯ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿ ವಿಲ್ಲೇಜ್ ಅಥವಾ ತಾಲೂಕು ಆಫೀಸಿನಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ. ಹೆಸರಿನ ಅಕ್ಷರ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ, ಆಧಾರಿನಲ್ಲಿ, ಬ್ಯಾಂಕಿನಲ್ಲಿ ಒಂದೇ ರೀತಿ ಇರಲಿ. ಕನ್ನಡದಲ್ಲಿ ‘ಭಟ್’, ಮಲಯಾಳದಲ್ಲಿ ‘ಭಟ್ಟ’, ಇಂಗ್ಲಿಷಿನಲ್ಲಿ ಇನ್ನೊಂದು ಎಂದಾದರೆ ಪ್ರಬಂಧ ಬರೆಯುವುದಕ್ಕಿಂತ ಹೆಚ್ಚು ದಿನ ಅದಕ್ಕೇ ಹೋಗುತ್ತದೆ.

ಈಗ ಎಲ್ಲರೂ ಮೆಲ್ಲಗೆ ಕೇಳುವ ಪ್ರಶ್ನೆ: ಮೇಲಿನವರಿಗೆ ಇಷ್ಟವಾಗುವ ವಿಷಯ ತೆಗೆದುಕೊಳ್ಳಬೇಕಾ? ಇದು ನಮ್ಮ ಜಿಲ್ಲೆಗೆ ಹೊಸತಲ್ಲ. 2019ರ ಮಾರ್ಚಿನಲ್ಲಿ ಪೆರಿಯದ ವಿಶ್ವವಿದ್ಯಾಲಯದಲ್ಲಿ, ಪಿಎಚ್‌.ಡಿ. ವಿಷಯಗಳು ರಾಷ್ಟ್ರೀಯ ಆದ್ಯತೆಗೆ ಹೊಂದಬೇಕು, ಅಂಥ ವಿಷಯಗಳ ಪಟ್ಟಿಯನ್ನು ವಿಭಾಗಗಳು ತಯಾರಿಸಬೇಕು ಎಂಬ ಸುತ್ತೋಲೆ ಹೊರಟಿತು. ಇಂಗ್ಲಿಷ್ ವಿಭಾಗದ ಅಧ್ಯಯನ ಮಂಡಳಿಯಲ್ಲಿದ್ದ ಹೊರಗಿನ ಪ್ರಾಧ್ಯಾಪಕಿಯೊಬ್ಬರು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು, ದೇಶವೆಲ್ಲ ಸುದ್ದಿಯಾಯಿತು. ಈಗ ಭಾರತೀಯ ಜ್ಞಾನ ಪರಂಪರೆ ಎಂಬ ಶೀರ್ಷಿಕೆಯಲ್ಲಿ ಅರ್ಜಿ ಕರೆಯುತ್ತಾರೆ. ಅದಕ್ಕೆಂದೇ 2020ರಲ್ಲಿ ಒಂದು ವಿಭಾಗ ಮಾಡಿದ್ದಾರೆ. ಹಸ್ತಪ್ರತಿಯ ಕೆಲಸ ಅಲ್ಲಿ ಸಹಜವಾಗಿಯೇ ಕುಳಿತುಕೊಳ್ಳುತ್ತದೆ, ಕೇಳುವುದರಲ್ಲಿ ತಪ್ಪೇನೂ ಇಲ್ಲ. ನನ್ನ ಮಟ್ಟಿಗೆ ಗೆರೆ ಇರುವುದು ಇಲ್ಲಿ: ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗೆ ದುಡ್ಡು ತೆಗೆದುಕೊಳ್ಳಬೇಡಿ. ಲಿಪಿಕಾರರಲ್ಲಿ ಎಲ್ಲ ಜಾತಿಯವರೂ ಕಂಡರೆ ಹಾಗೆಂದು ಬರೆಯಲಿಕ್ಕಾಗಬೇಕು, ಒಂದೇ ಜಾತಿಯವರು ಕಂಡರೆ ಅದನ್ನೂ ಬರೆಯಲಿಕ್ಕಾಗಬೇಕು. ಪ್ರಕಟಣೆ ಓದುವಾಗಲೇ ಒಂದು ಉತ್ತರಕ್ಕೆ ಜಾಗ ಇಲ್ಲ ಎಂದು ಅನಿಸಿದರೆ ಅದನ್ನು ಮಡಚಿಟ್ಟು ನೆಟ್ಟಿನ ಪುಸ್ತಕ ತೆಗೆಯಿರಿ.

ದುಡ್ಡು ಬಂದ ಮೇಲೆ ಬಿಲ್ಲಿನ ಕತೆ. ಜೀಪಿನವನು ಬಿಲ್ ಕೊಡುವುದಿಲ್ಲ. ವೋಚರ್ ಪುಸ್ತಕ ನೀವೇ ಒಯ್ಯಿರಿ, ದಿನಾಂಕ, ಎಲ್ಲಿಂದ ಎಲ್ಲಿಗೆ, ಗಾಡಿ ನಂಬ್ರ, ಸಹಿ. 5,000 ರೂಪಾಯಿ ದಾಟಿದ ರಶೀದಿಗೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪು ಅಂಟಿಸಬೇಕು. ಕೆಎಸ್‌ಆರ್‌ಟಿಸಿ ಟಿಕೇಟಿನ ಮೆಷಿನ್ ಶಾಯಿ ಮಳೆಗಾಲ ಮುಗಿಯುವುದರೊಳಗೆ ಮಾಸಿ ಬಿಳಿ ಕಾಗದವಾಗುತ್ತದೆ, ಅವತ್ತೇ ಫೋಟೋ ತೆಗೆಯಿರಿ. ಹಿರಿಯ ಭಾಗವತರಿಗೆ ಕೊಡುವ ಗೌರವಧನಕ್ಕೆ ಸಹಿ ಕೇಳಲು ಸಂಕೋಚವಾಗುತ್ತದೆ. ಎಲೆ ಅಡಿಕೆಯ ಹೊತ್ತಿಗೆ ‘ಆಫೀಸಿನವರು ಕೇಳುತ್ತಾರೆ ಅಣ್ಣೇರೆ’ ಎಂದರೆ ಯಾರೂ ಬೇಜಾರು ಮಾಡುವುದಿಲ್ಲ. ಹಸ್ತಪ್ರತಿಯ ಫೋಟೋ ತೆಗೆದಲ್ಲಿ ಮನೆಯವರಿಂದ ಎರಡು ಸಾಲಿನ ಒಪ್ಪಿಗೆ ಬರೆಸಿಕೊಳ್ಳಿ, ಪ್ರತಿಯನ್ನು ಮನೆಗೆ ತರಬೇಡಿ, ಫೋಟೋದ ಒಂದು ಪೆನ್‌ಡ್ರೈವ್ ಅವರಿಗೇ ಕೊಡಿ.

ಕೊನೆಗೆ ಕೊಟ್ಟ ದುಡ್ಡು ಹೇಗೆ ಖರ್ಚಾಯಿತೆಂದು ತೋರಿಸುವ ವಿನಿಯೋಗ ಪತ್ರ, ಜಿಎಫ್‌ಆರ್ 12-ಎ ಎಂಬ ಫಾರಮ್ಮು. ಅದಕ್ಕೆ ಸಂಸ್ಥೆಯ ಸಹಿ ಬೇಕು, ಲೆಕ್ಕಪರಿಶೋಧಕರ ಸಹಿಯೂ ಬೇಕಾಗಬಹುದು. ಮಾರ್ಚ್ ತಿಂಗಳಲ್ಲಿ ಇಬ್ಬರೂ ಕೈಗೆ ಸಿಗುವುದಿಲ್ಲ, ಆದ್ದರಿಂದ ಜನವರಿಯಲ್ಲೇ ಕರಡು ಮಾಡಿ ಕೊಡಿ. ಈ ಪತ್ರ ಹೋಗದೆ ಕೊನೆಯ ಕಂತು ಬರುವುದಿಲ್ಲ. ಆ ಕಂತು ಖಾತೆಗೆ ಬೀಳುವ ಮೊದಲು ಪುಸ್ತಕ ಅಚ್ಚು ಹಾಕಿಸುತ್ತೇನೆ ಎಂದು ಪ್ರೆಸ್ಸಿನವರಿಗೆ ಅಡ್ವಾನ್ಸ್ ಕೊಡಲು ಹೋಗಬೇಡಿ.